ದೂರದ ಬೆಟ್ಟ, ಹಿತ್ತಲ ಬೇಣ

(ಶಿರಸಿ ಸೀಮೆಯ ಅಡಿಕೆ ಬೆಳೆಗಾರರೊಬ್ಬರು ಬರೆದ ನಾಲ್ಕು ಪುಟಗಳ ಪತ್ರದ ಸಾರ: ಮಗಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ದೀಪಾವಳಿ ಮುಗಿಸಿಕೊಂಡು ಅವಳ ಮನೆಯಲ್ಲಿ ನಾಲ್ಕು ದಿನ ಇದ್ದು ಬಂದೆ. ಸಂಜೆ ಕೆಲಸ ಮುಗಿದದ್ದೇ ಟಿ.ವಿ. ಮುಂದೆ ಕುಳಿತು 'ಫ್ಲವರ್' ಎಂಬ ವಿಡಿಯೊ ಗೇಮ್ ಆಡುತ್ತಾಳೆ. ಹೊಡೆದಾಟವಿಲ್ಲ, ಅಂಕವಿಲ್ಲ, ಗೆಲ್ಲಬೇಕಾದ ಎದುರಾಳಿಯೂ ಇಲ್ಲ. ಹುಲ್ಲಿನ ಮೇಲೆ ಹೂವಿನ ಎಸಳು ಹಾರುತ್ತದೆ, ಅಷ್ಟೇ. ಇದು ಆಟವೇ ಅಲ್ಲ. ಒಂದು ರಾತ್ರಿ ಆಡುತ್ತಾ ಕಣ್ಣೀರು ಹಾಕಿದಳು. ನಮ್ಮ ಮನೆಯ ಹಿಂದೆಯೇ ಎರಡು ಎಕರೆ ಬೇಣ, ಅಂದರೆ ಹುಲ್ಲುಗಾವಲು, ಇದೆ. ಊರಿಗೆ ಬಂದಾಗ ಅತ್ತ ಕಣ್ಣೆತ್ತಿಯೂ ನೋಡುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬುದು ಇದಕ್ಕೇ ಇರಬೇಕು. ಪರದೆಯ ಮೇಲಿನ ಹುಲ್ಲಿಗೆ ಅಳುವಂಥದ್ದೇನಿದೆ? ಬಿಡಿಸುವ ಉಪಾಯವಿದ್ದರೆ ತಿಳಿಸಿ. ಕೊನೆಗೊಂದು ಸಣ್ಣ ಸಂಶಯ: ಅದು ಯಾವ ಜಾತಿಯ ಹುಲ್ಲು? ನನಗೆ ಗುರುತು ಸಿಗಲಿಲ್ಲ.)

ಮಾನ್ಯರೇ,

ನಿಮ್ಮ ಪತ್ರ ನಮ್ಮ ಕಚೇರಿಯಲ್ಲಿ ಕೈಯಿಂದ ಕೈಗೆ ದಾಟಿತು. ಕಿರಿಯರಿಬ್ಬರು ಓದಿ ನಕ್ಕರು. ನನಗೆ ನಗು ಬರಲಿಲ್ಲ, ಏಕೆಂದರೆ ಆ ಆಟವನ್ನು ನಾನೂ ಆಡಿದ್ದೇನೆ. ಅಕ್ಕನ ಮಗನ ಮನೆಯಲ್ಲಿ, ಊಟಕ್ಕೆ ಇನ್ನೂ ಹತ್ತು ನಿಮಿಷವಿದೆ ಎಂದು ಹಿಡಿದುಕೊಂಡವನು, ಸಾರು ಎರಡು ಸಲ ಬಿಸಿಯಾದ ಮೇಲೆ ಎದ್ದೆ. ಹಾಗಾಗಿ ನಾನು ನಿಷ್ಪಕ್ಷಪಾತಿ ಎಂದು ಭಾವಿಸಬೇಡಿ.

ನೀವು ಆಟವನ್ನು ಬಣ್ಣಿಸುವಾಗ ಒಂದು ಸಂಗತಿಯನ್ನು ಬಿಟ್ಟಿದ್ದೀರಿ. ಆಟ ಶುರುವಾಗುವುದು ಹುಲ್ಲುಗಾವಲಿನಲ್ಲಲ್ಲ. ಮಂಕು ಬಣ್ಣದ ಒಂದು ನಗರ, ಅದರಲ್ಲೊಂದು ಫ್ಲ್ಯಾಟು, ಅದರ ಕಿಟಕಿಯ ಅಂಚಿನಲ್ಲಿ ಕುಂಡದೊಳಗಿನ ಒಂದು ಹೂವು. ಆ ಹೂವನ್ನು ಆರಿಸಿದರೆ ಅದು ಕಾಣುವ ಕನಸಿನೊಳಗೆ ನೀವು ಇಳಿಯುತ್ತೀರಿ. ಕನಸಿನಲ್ಲಿ ನೀವು ಹೂವೂ ಅಲ್ಲ, ಮನುಷ್ಯನೂ ಅಲ್ಲ, ಗಾಳಿ. ಕೈಯಲ್ಲಿರುವ ಕಂಟ್ರೋಲರನ್ನು ಎತ್ತ ವಾಲಿಸುತ್ತೀರೋ ಗಾಳಿ ಅತ್ತ ತಿರುಗುತ್ತದೆ. ಯಾವುದಾದರೂ ಗುಂಡಿ ಒತ್ತಿ ಹಿಡಿದರೆ ಬೀಸುತ್ತದೆ. ಒಂದು ಎಸಳನ್ನು ಹೊತ್ತು ಹೊರಟ ಗಾಳಿ ಮುಂದಿನ ಮೊಗ್ಗನ್ನು ಸವರಿದರೆ ಅದು ಅರಳಿ ತನ್ನದೊಂದು ಎಸಳನ್ನು ಕೊಡುತ್ತದೆ. ಹೀಗೆ ಬಾಲ ಉದ್ದವಾಗುತ್ತಾ ಹೋಗುತ್ತದೆ. ಒಣಗಿದ ಹುಲ್ಲು ಹಸಿರಾಗುತ್ತದೆ. ಒಂದು ಮಾತಿಲ್ಲ, ಬರಹದ ಸೂಚನೆಯಿಲ್ಲ. ಇಡೀ ಆಟ ಎರಡು ಗಂಟೆಯಲ್ಲಿ ಮುಗಿಯುತ್ತದೆ. ನಿಮ್ಮ ಮಗಳು ಆಡಿದ್ದನ್ನೇ ಮತ್ತೆ ಮತ್ತೆ ಆಡುತ್ತಿದ್ದಾಳೆ ಎಂದಾಯಿತು. ನಾವು ಒಂದೇ ಯಕ್ಷಗಾನ ಪ್ರಸಂಗವನ್ನು ಎಷ್ಟು ಸಲ ನೋಡುವುದಿಲ್ಲ, ಅದೇ ಲೆಕ್ಕ.

ಅದನ್ನು ಕಟ್ಟಿಸಿದವನ ಹೆಸರು ಜೆನೋವಾ ಚೆನ್. ಹುಟ್ಟಿ ಬೆಳೆದದ್ದು ಚೀನಾದ ಶಾಂಘೈಯಲ್ಲಿ, ಎತ್ತ ನೋಡಿದರೂ ಕಟ್ಟಡಗಳಿರುವ ಊರಿನಲ್ಲಿ. ಓದಲು ಅಮೆರಿಕದ ಲಾಸ್ ಏಂಜಲೀಸಿಗೆ ಹೋದವನು ಕ್ಯಾಲಿಫೋರ್ನಿಯಾದ ತೆರೆದ ಬಯಲು, ಗುಡ್ಡದ ಹುಲ್ಲು, ಸಾಲು ಗಾಳಿಯಂತ್ರಗಳನ್ನು ನೋಡಿ ಬೆರಗಾದ. ನಿಮಗೂ ನನಗೂ ಹುಲ್ಲಿನ ಗುಡ್ಡ ಎಂದರೆ ದನಕ್ಕೆ ಮೇವು, ಇಲ್ಲವೇ ಮಗ್ಗುಲಿನವರೊಡನೆ ಗಡಿ ತಕರಾರು. ಮೊದಲ ಬಾರಿ ಕಂಡವನಿಗೆ ಅದು ಬೇರೆಯೇ. ಮನೆಯಲ್ಲಿರುವ ಪ್ಲೇಸ್ಟೇಷನ್ ಎಂಬ ಆಟದ ಪೆಟ್ಟಿಗೆ ಇನ್ನೊಂದು ಲೋಕಕ್ಕೆ ಬಾಗಿಲಾಗುವುದಾದರೆ, ಆ ಬಾಗಿಲು ಬಯಲಿಗೇ ಏಕೆ ತೆರೆದುಕೊಳ್ಳಬಾರದು ಎಂಬುದು ಅವನ ಯೋಚನೆ. ದಟ್‌ಗೇಮ್‌ಕಂಪನಿ ಎಂಬ ಅವನ ಪುಟ್ಟ ಸಂಸ್ಥೆಯಲ್ಲಿ ಹತ್ತು ಜನವೂ ತುಂಬದ ತಂಡ ಎರಡು ವರ್ಷ ದುಡಿದು 2009ರ ಫೆಬ್ರವರಿಯಲ್ಲಿ 'ಫ್ಲವರ್' ಹೊರತಂದಿತು.

ಈ ಕಥೆಯಲ್ಲಿ ನನಗೆ ಬಹಳ ಹಿಡಿಸಿದ್ದು ಅವರು ಏನನ್ನು ಸೇರಿಸಿದರು ಎಂಬುದಕ್ಕಿಂತ ಏನನ್ನು ಕಿತ್ತು ಹಾಕಿದರು ಎಂಬುದು. ಮೊದಲ ಕರಡುಗಳಲ್ಲಿ ಮಾಮೂಲಿ ಆಟದ ಸರಂಜಾಮುಗಳಿದ್ದವು: ಇಂತಿಷ್ಟು ಎಸಳು ಕೂಡಿಸಿದರೆ ಮುಂದಿನ ಹಂತ, ಇಷ್ಟೇ ಹೊತ್ತಿನ ಗಡುವು. ಒಂದೊಂದಾಗಿ ಎಲ್ಲವನ್ನೂ ತೆಗೆದರು. ಇದೇ ತಂಡ 2012ರಲ್ಲಿ ತಂದ 'ಜರ್ನಿ' ಎಂಬ ಮರಳುಗಾಡಿನ ಆಟದಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ದಾರಿಯಲ್ಲಿ ಒಬ್ಬ ಅಪರಿಚಿತ ಸಿಗುತ್ತಾನೆ. ಅವನು ಜಗತ್ತಿನ ಎಲ್ಲೋ ಕುಳಿತು ಆಡುತ್ತಿರುವ ನಿಜವಾದ ಮನುಷ್ಯ. ಹೆಸರು ಗೊತ್ತಾಗುವುದು ಆಟವೆಲ್ಲ ಮುಗಿದ ಮೇಲೆ. ಮಾತಿಗೆ ಆಸ್ಪದವಿಲ್ಲ, ಒಂದು ಸಣ್ಣ ನಾದ ಹೊಮ್ಮಿಸಬಹುದು, ಅಷ್ಟೇ. ತಯಾರಿಯ ಹಂತದಲ್ಲಿ ಪಾತ್ರಗಳು ಒಂದನ್ನೊಂದು ತಳ್ಳಬಹುದಿತ್ತು. ಆಡಿದವರು ಏನು ಮಾಡಿದರು ಎಂದುಕೊಂಡಿರಿ? ಕೈ ಹಿಡಿದು ದಾಟಿಸಲಿಲ್ಲ, ಅಪಾಯಕ್ಕೆ ತಳ್ಳಿ ಮಜಾ ನೋಡಿದರು. ಚೆನ್ ಅದಕ್ಕೆ ಮನುಷ್ಯರನ್ನು ಬೈಯಲಿಲ್ಲ. ಮಗು ಲೋಟ ಬೀಳಿಸಿ ಸದ್ದು ಕೇಳುವಂತೆ, ಯಾವುದರಿಂದ ದೊಡ್ಡ ಪರಿಣಾಮ ಸಿಗುತ್ತದೋ ಅದನ್ನೇ ಎಲ್ಲರೂ ಮಾಡುತ್ತಾರೆ ಎಂಬುದು ಅವನ ವಿವರಣೆ. ತಳ್ಳುವ ಸಾಧ್ಯತೆಯನ್ನೇ ತೆಗೆದು, ಹತ್ತಿರ ಬಂದು ತಾಗಿದರೆ ಇಬ್ಬರಿಗೂ ಹಾರುವ ಶಕ್ತಿ ತುಂಬುವಂತೆ ಮಾಡಿದರು. ಜನ ಒಬ್ಬರಿಗಾಗಿ ಒಬ್ಬರು ಕಾಯತೊಡಗಿದರು. ಆ ನೆಮ್ಮದಿ ತಾನಾಗಿ ಹುಟ್ಟಿದ್ದಲ್ಲ, ಬಡಗಿ ಉಳಿ ಹಿಡಿದು ಕೆತ್ತಿದಂತೆ ಕೆತ್ತಿ ತೆಗೆದದ್ದು.

'ಫ್ಲವರ್' ಆಟದ ಸಂಗೀತದಲ್ಲೂ ಇಂಥದೇ ಒಂದು ಕಸುಬಿದೆ. ಹಿನ್ನೆಲೆಯಲ್ಲಿ ವಿನ್ಸೆಂಟ್ ಡಯಮಾಂಟೆ ಸಂಯೋಜಿಸಿದ ರಾಗ ಹರಿಯುತ್ತಿರುತ್ತದೆ. ಪ್ರತಿ ಮೊಗ್ಗು ಅರಳುವಾಗ ಒಂದು ಸ್ವರ ಹೊರಡುತ್ತದೆ, ಆ ಸ್ವರ ಆ ಕ್ಷಣದ ರಾಗಕ್ಕೆ ಹೊಂದುವಂತೆ ಹದಗೊಂಡಿರುತ್ತದೆ. ಎತ್ತ ಬೀಸಿದರೂ ಅಪಸ್ವರವಿಲ್ಲ. ಚಿಕ್ಕಂದಿನಲ್ಲಿ ಸಂಗೀತದ ಪಾಠದಿಂದ ಮೂರೇ ತಿಂಗಳಿಗೆ ವಾಪಸಾದ ನನ್ನಂಥವನಿಗೆ, ತಂಬೂರಿಯೇ ನನ್ನ ದನಿಗೆ ಬಗ್ಗಿ ಬಂದಂತೆ ಅನಿಸಿತು. ದಿನವಿಡೀ ಯಾರೋ ತಪ್ಪು ಹುಡುಕುವ ಕೆಲಸದಲ್ಲಿರುವವರಿಗೆ ಇದು ಏನೆನಿಸಬಹುದು ಎಂದು ಊಹಿಸಿ. ನಿಮ್ಮ ಮಗಳ ಕೆಲಸ ಅಂಥದೇ ಇರಬೇಕು. ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದಕ್ಕೇ ಪ್ರತ್ಯೇಕ ಹುದ್ದೆಗಳಿವೆ.

ಇನ್ನು ಅವಳು ಅತ್ತದ್ದು. ಯಾವ ಹಂತದಲ್ಲಿ ಎಂದು ನೀವು ಬರೆದಿಲ್ಲ. ಐದನೆಯದರಲ್ಲಿ ಎಂದು ನನ್ನ ಊಹೆ. ಮೊದಲ ಮೂರು ಕನಸುಗಳು ಬಯಲು, ಬಣ್ಣ, ಗಾಳಿಯಂತ್ರ ಎಂದು ಹಾಯಾಗಿ ಸಾಗುತ್ತವೆ. ನಾಲ್ಕನೆಯದು ರಾತ್ರಿ, ದಾರಿದೀಪಗಳನ್ನು ಹೊತ್ತಿಸುತ್ತಾ ಹೋಗುವುದು, ಕೊನೆಗೆ ಬೆಳಕು ಕೈಕೊಡುತ್ತದೆ. ಐದನೆಯದರಲ್ಲಿ ಆಕಾಶ ಕಪ್ಪಾಗಿದೆ, ಮುರಿದು ಬಾಗಿದ ವಿದ್ಯುತ್ ಗೋಪುರಗಳು ಹುಲ್ಲಿನ ನಡುವೆ ಚಾಚಿಕೊಂಡಿವೆ. ತಾಗಿದರೆ ಕಿಡಿ ಹಾರಿ ಎಸಳುಗಳು ಸುಟ್ಟು ಕರಕಾಗುತ್ತವೆ. ಆಟ ನಿಲ್ಲುವುದಿಲ್ಲ, ಸೋತೆ ಎಂದು ಬರೆದು ತೋರಿಸುವುದಿಲ್ಲ. ಆದರೆ ಒಂದು ಗಂಟೆ ಜತನದಿಂದ ಎಸಳುಗಳನ್ನು ಹಾರಿಸಿ ತಂದವರಿಗೆ ಆ ಸುಟ್ಟ ಸದ್ದು ಹೊಟ್ಟೆಯೊಳಗೆ ತಾಗುತ್ತದೆ. ಬೇರೆ ಆಟಗಳಲ್ಲಿ ನೂರು ಜನರನ್ನು ಗುಂಡಿಕ್ಕಿ ಕೊಂದರೂ ಅಲುಗದವರು ಇಲ್ಲಿ ಒಂದು ಎಸಳಿಗೆ ಬೆಚ್ಚುತ್ತಾರೆ. ಅಷ್ಟು ಹೊತ್ತು ಯಾರೂ ನೋಯಿಸದೆ ಇದ್ದುದರಿಂದಲೇ ಆ ಪೆಟ್ಟು ಅಷ್ಟು ದೊಡ್ಡದಾಗುವುದು. ಆರನೆಯ ಕನಸು ನಗರದ್ದು, ಅಲ್ಲಿ ಎಸಳುಗಳೇ ಕಬ್ಬಿಣದ ಕಂಬಗಳನ್ನು ಒಡೆದು ಬೀದಿಗಳಿಗೆ ಬಣ್ಣ ತುಂಬುತ್ತವೆ. ನನಗೆ ಈ ಕೊನೆ ಸ್ವಲ್ಪ ಅತಿಯಾಯಿತು ಎನಿಸಿತು. ಆದರೂ ನಗರವನ್ನು ಕೆಡವಿ ಕಾಡು ಮಾಡದೆ, ನಗರವನ್ನೇ ವಾಸಕ್ಕೆ ಯೋಗ್ಯವಾಗಿಸಿದ್ದು ಜಾಣತನ. ಫ್ಲ್ಯಾಟಿನ ಕಿಟಕಿಯಿಂದ ಕಾಣುವ ನೋಟವೂ ಹಂತ ಹಂತವಾಗಿ ಬೆಳಗುತ್ತಾ ಬರುತ್ತದೆ, ಗಮನಿಸಿ.

'ಇದು ಆಟವೇ ಅಲ್ಲ' ಎಂದು ನೀವು ಬರೆದ ಸಾಲಿಗೆ ಕೆಂಪು ಗೆರೆ ಎಳೆದಿಟ್ಟುಕೊಂಡಿದ್ದೇನೆ. ಈ ಮಾತು ನಿಮ್ಮೊಬ್ಬರದಲ್ಲ. 2013ರಲ್ಲಿ ಎಡ್ ಕೀ ಮತ್ತು ಡೇವಿಡ್ ಕನಾಗ ಎಂಬಿಬ್ಬರು 'ಪ್ರೋಟಿಯಸ್' ಎಂಬುದನ್ನು ಹೊರತಂದಾಗ ಆಟಗಾರರೇ ಹೀಗೆ ರೇಗಿದರು. ಒಂದು ದ್ವೀಪ, ಅದರಲ್ಲಿ ಸುಮ್ಮನೆ ನಡೆಯುವುದು. ಕಪ್ಪೆಯ ಹತ್ತಿರ ಹೋದರೆ ಅದು ಕುಪ್ಪಳಿಸುತ್ತಾ ಒಂದೊಂದು ನೆಗೆತಕ್ಕೂ ಒಂದೊಂದು ಸ್ವರ ನುಡಿಯುತ್ತದೆ. ವಸಂತದಿಂದ ಚಳಿಗಾಲದವರೆಗೆ ಋತುಗಳು ಕಳೆಯುತ್ತವೆ, ಕೊನೆಗೆ ನಿಮ್ಮ ಕಣ್ಣು ಮುಚ್ಚಿಕೊಳ್ಳುತ್ತದೆ. ಮಾಡಬೇಕಾದ ಕೆಲಸ ಯಾವುದೂ ಇಲ್ಲದಿದ್ದರೆ ಆಟವೆಂದು ಹೇಗೆ ಕರೆಯುವುದು ಎಂಬ ಜಗಳ.

ನಮ್ಮ ಆಲಂಕಾರಿಕರು, ಅಂದರೆ ಹಳೆಯ ಕಾವ್ಯಮೀಮಾಂಸಕರು, ಇದೇ ಜಗಳವನ್ನು ಸಾವಿರ ವರ್ಷದ ಹಿಂದೆಯೇ ಆಡಿ ಮುಗಿಸಿದ್ದಾರೆ, ಅಥವಾ ಮುಗಿಸದೆ ಬಿಟ್ಟಿದ್ದಾರೆ. ರಸಗಳು ಎಂಟೇ ಎಂದು ಒಂದು ಪಕ್ಷ, ಶಾಂತವೂ ಸೇರಿ ಒಂಬತ್ತು ಎಂದು ಇನ್ನೊಂದು. ಶಾಂತವೆಂದರೆ ಎಲ್ಲ ಚಟುವಟಿಕೆಯೂ ಅಡಗಿದ ಸ್ಥಿತಿ, ಅದನ್ನು ರಂಗದ ಮೇಲೆ ಅಭಿನಯಿಸಿ ತೋರಿಸುವುದು ಹೇಗೆ, ನಾಟಕದಲ್ಲಿ ಅದು ಪುಷ್ಟಿಗೊಳ್ಳುವುದಿಲ್ಲ ಎಂದು 'ದಶರೂಪಕ' ಎಂಬ ನಾಟಕಶಾಸ್ತ್ರದ ಗ್ರಂಥ ಬರೆದ ಧನಂಜಯ ತಳ್ಳಿಹಾಕಿದ. ಕಾಶ್ಮೀರದ ಅಭಿನವಗುಪ್ತ ಒಪ್ಪಲಿಲ್ಲ. ಉಳಿದ ರಸಗಳಿಗೂ ಶಾಂತವೇ ಮೂಲನೆಲೆ ಎಂದು ವಾದಿಸಿದ. ಗೇಮ್ ಆಡುವ ಹುಡುಗರು ತಮಗೆ ಗೊತ್ತಿಲ್ಲದೆಯೇ ಧನಂಜಯನ ಪಕ್ಷ ಹಿಡಿದಿದ್ದರು. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಅಮೆರಿಕನ್ ಕಲಾ ಸಂಗ್ರಹಾಲಯ 2013ರಲ್ಲಿ 'ಫ್ಲವರ್' ಆಟವನ್ನು ತನ್ನ ಕಾಯಂ ಸಂಗ್ರಹಕ್ಕೆ ಸೇರಿಸಿಕೊಂಡು ಅಭಿನವಗುಪ್ತನ ಕಡೆಗೆ ವಾಲಿತು. ಸಂಗ್ರಹಾಲಯ ಸೇರಿದ್ದೆಲ್ಲ ಶ್ರೇಷ್ಠ ಎಂದು ನಾನು ಹೇಳುವುದಿಲ್ಲ. ಆದರೆ ಏನೂ ನಡೆಯದಿರುವುದು ಮನಸ್ಸನ್ನು ಹಿಡಿದಿಡಬಲ್ಲದು ಎಂಬುದಕ್ಕೆ ನಿಮ್ಮ ಮಗಳ ನಾಲ್ಕು ಸಂಜೆಗಳೇ ಸಾಕ್ಷಿ.

ನಿಮ್ಮ ಆಕ್ಷೇಪದಲ್ಲಿ ಹುರುಳಿಲ್ಲವೆಂದಲ್ಲ. ಈ ಆಟಗಳ ನಿಸರ್ಗಕ್ಕೆ ರಕ್ತ ಹೀರುವ ಉಂಬಳವಿಲ್ಲ, ಸೆಕೆಯಿಲ್ಲ, ಕಾಲಿಗೆ ಚುಚ್ಚುವ ಮುಳ್ಳಿಲ್ಲ. 'ಸ್ಟಾರ್‌ಡ್ಯೂ ವ್ಯಾಲಿ' ಎಂಬ ಬೇಸಾಯದ ಆಟ 2016ರಲ್ಲಿ ಬಂತು. ಎರಿಕ್ ಬರೋನ್ ಎಂಬ ಒಬ್ಬನೇ ವ್ಯಕ್ತಿ ನಾಲ್ಕು ವರ್ಷಕ್ಕೂ ಮೀರಿ ಕುಳಿತು, ಚಿತ್ರ, ಸಂಗೀತ, ಕಥೆ ಎಲ್ಲವನ್ನೂ ತಾನೇ ಮಾಡಿದ. ಅವನ ಶ್ರಮಕ್ಕೆ ಕೈಮುಗಿಯುತ್ತೇನೆ. ಆದರೆ ಅಲ್ಲಿ ಬಿತ್ತಿದ ಗೆಡ್ಡೆ ನಾಲ್ಕೇ ದಿನಕ್ಕೆ ಕೊಯ್ಲಿಗೆ ಬರುತ್ತದೆ, ಅಂಗಳದ ಪೆಟ್ಟಿಗೆಯಲ್ಲಿ ಹಾಕಿಟ್ಟರೆ ಬೆಳಗಾಗುವುದರೊಳಗೆ ದುಡ್ಡು. ಆಷಾಢದ ಮಳೆಯಲ್ಲಿ ಕೊಳೆರೋಗಕ್ಕೆ ಹೆದರುತ್ತಾ, ಬೋರ್ಡೋ ದ್ರಾವಣ ಹೊಡೆಯಲು ಮಳೆ ಬಿಡುವ ಎರಡು ದಿನದ ಹೊಳವಿಗೆ ಕಾದು, ಮರ ಹತ್ತುವ ಕೊನೆಗೌಡ ಸಿಗದೆ ತಲೆಬಿಸಿ ಮಾಡಿಕೊಳ್ಳುವ ನಿಮಗೆ ಅದನ್ನು ತೋರಿಸಿದರೆ ನಗುತ್ತೀರೋ ಸಿಟ್ಟಾಗುತ್ತೀರೋ ಹೇಳಲಾರೆ. ನೀವು ಹಿತ್ತಲ ಗಿಡದ ಗಾದೆ ಹೇಳಿದಿರಿ, ನಾನು ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎನ್ನುತ್ತೇನೆ. ಆದರೆ 'ಫ್ಲವರ್' ತಾನು ದೂರದ ಬೆಟ್ಟವೆಂಬುದನ್ನು ಬಚ್ಚಿಡುವುದಿಲ್ಲ. ಮೊದಲ ಚಿತ್ರದಲ್ಲೇ ಕುಂಡ ತೋರಿಸಿ, ಇದು ಕುಂಡದಲ್ಲಿರುವವರು ಕಾಣುವ ಬಯಲು ಎಂದು ಹೇಳಿಬಿಡುತ್ತದೆ. 2020ರ ಮಾರ್ಚ್ 20ರಂದು ನಿಂಟೆಂಡೊ ಸಂಸ್ಥೆಯ ಒಂದು ದ್ವೀಪದ ಆಟ ಬಂತು, 'ಆ್ಯನಿಮಲ್ ಕ್ರಾಸಿಂಗ್'. ಮೀನು ಹಿಡಿಯುವುದು, ಗಿಡ ನೆಡುವುದು, ನೆರೆಯವರೊಡನೆ ಹರಟುವುದು. ಐದು ದಿನಕ್ಕೆ ನಮ್ಮಲ್ಲಿ ದೇಶಕ್ಕೇ ಬೀಗ ಬಿತ್ತು, ಎಷ್ಟೋ ದೇಶಗಳಲ್ಲಿ ಆಗಲೇ ಬಿದ್ದಿತ್ತು. ಆರು ವಾರದಲ್ಲಿ ಅದರ 1.3 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದವು. ಕೊಂಡವರೆಲ್ಲ ಆಗ ಕುಂಡದ ಗಿಡಗಳೇ.

ಹಾಗಾದರೆ ಬೇಣದ ಕಡೆ ಏಕೆ ನೋಡುವುದಿಲ್ಲ ಎಂಬುದು ನಿಮ್ಮ ನಿಜವಾದ ಪ್ರಶ್ನೆ. ನಾನು ನಿಮ್ಮ ಮಗಳನ್ನು ಕಂಡವನಲ್ಲ, ನನ್ನ ಊಹೆ ತಪ್ಪಿರಬಹುದು. ನಿಮ್ಮ ಪತ್ರದ ಮೂರನೆಯ ಪುಟವನ್ನು ನೀವೇ ಇನ್ನೊಮ್ಮೆ ಓದಿ. ಬೇಣದ ಹುಲ್ಲು ಕೊಯ್ಯಲು ಆಳಿಲ್ಲ, ನಿಮ್ಮ ನಂತರ ಅದನ್ನು ನೋಡಿಕೊಳ್ಳುವವರು ಯಾರು, ಮಾರಿಬಿಡಲೇ, ಅವಳು ಒಂದು ಮಾತೂ ಹೇಳುವುದಿಲ್ಲ ಎಂದು ಬರೆದಿದ್ದೀರಿ. ಅವಳು ಬೇಣದತ್ತ ತಿರುಗಿದರೆ ಹುಲ್ಲು ಕಾಣುವ ಮೊದಲು ಈ ಪ್ರಶ್ನೆಗಳು ಕಾಣುತ್ತವೆ. ಪರದೆಯ ಹುಲ್ಲು ಅವಳನ್ನು ಏನೂ ಕೇಳುವುದಿಲ್ಲ. ಕೇಳಬಾರದೆಂದೇ ಅದನ್ನು ಮಾಡಿದವರು ಎರಡು ವರ್ಷ ತೆಗೆದುಕೊಂಡರು.

ಬಿಡಿಸುವ ಉಪಾಯ ನನ್ನಲ್ಲಿಲ್ಲ, ಕ್ಷಮಿಸಿ. ಮುಂದಿನ ಸಲ ಬೆಂಗಳೂರಿಗೆ ಹೋದಾಗ ಕಂಟ್ರೋಲರನ್ನು ಕೇಳಿ ಪಡೆಯಿರಿ. ಸ್ಕೂಟರ್ ಹ್ಯಾಂಡಲಿನಂತೆ ಎಳೆಯಬೇಡಿ, ನೀರು ತುಂಬಿದ ತಟ್ಟೆ ಹಿಡಿದಂತೆ ಮೆಲ್ಲಗೆ ವಾಲಿಸಿ. ಮೊದಲ ಐದು ನಿಮಿಷ ನಿಮ್ಮ ಎಸಳು ನೆಲಕ್ಕೆ ಮೂತಿ ತಿಕ್ಕುತ್ತದೆ. ಎಲ್ಲರದೂ ಹಾಗೆಯೇ. ಮಗಳು ನಕ್ಕರೆ ನಗಲಿ. ಬೇಣದ ಸುದ್ದಿ ಆ ಹೊತ್ತಿಗೆ ಬೇಡ.

ನಿಮ್ಮ ಸಂಶಯದ ಬಗ್ಗೆ: ಆಟದ ಹುಲ್ಲಿಗೆ ಜಾತಿ, ಹೆಸರು ಯಾವುದನ್ನೂ ಕೊಟ್ಟಿಲ್ಲ, ಅದು ಕಂಪ್ಯೂಟರು ಲೆಕ್ಕ ಹಾಕಿ ಬಿಡಿಸಿದ ಗಣಿತದ ಹುಲ್ಲು. ಚೆನ್ ಕಂಡು ಬೆರಗಾದ ಕ್ಯಾಲಿಫೋರ್ನಿಯಾದ ಗುಡ್ಡಗಳ ಹುಲ್ಲಿನ ವಿಷಯ ಹೇಳಬಲ್ಲೆ. ಅಲ್ಲಿ ಮಳೆ ಚಳಿಗಾಲದಲ್ಲಿ, ಹಾಗಾಗಿ ನಿಮ್ಮ ಬೇಣದ ಕರಡ ಹುಲ್ಲು ಒಣಗುವ ಹೊತ್ತಿಗೆ ಅಲ್ಲಿ ಹಸಿರು, ನಿಮ್ಮಲ್ಲಿ ಮುಂಗಾರು ಹಿಡಿಯುವಾಗ ಅಲ್ಲಿ ಹೊಂಬಣ್ಣ. ಅದರಲ್ಲಿ ಬಹುಪಾಲು ಅಲ್ಲಿನ ಮೂಲದ್ದಲ್ಲ. 1769ರಿಂದ ಸ್ಪೇನಿನವರು ಮಿಷನ್‌ಗಳನ್ನು (ಕ್ರೈಸ್ತ ಧರ್ಮಪ್ರಚಾರದ ನೆಲೆಗಳನ್ನು) ಕಟ್ಟತೊಡಗಿದ ಕಾಲಕ್ಕೆ ದನಕರುಗಳ ಜೊತೆ, ಧಾನ್ಯದ ಜೊತೆ ಮೆಡಿಟರೇನಿಯನ್ ಸೀಮೆಯ ಕಾಡು ಓಟ್ಸ್ ಮುಂತಾದವು ಬಂದು ಇಡೀ ಗುಡ್ಡಗಳನ್ನು ಆವರಿಸಿದವು. ಆ ಮಿಷನ್‌ಗಳ ಹಸಿ ಇಟ್ಟಿಗೆಗಳನ್ನು ಒಡೆದು ನೋಡಿದವರಿಗೆ ಒಳಗೆ ಅದರ ಬೀಜಗಳು ಸಿಕ್ಕಿವೆ. ನಿಮ್ಮ ಬೇಣದಲ್ಲಿ ಯಾವ ಯಾವ ಹುಲ್ಲಿದೆ ಎಂದು ಪಟ್ಟಿ ಮಾಡಿ ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಅಚ್ಚು ಹಾಕುತ್ತೇವೆ.

— ಸಂಪಾದಕ