ಹೆಡ್‌ಲೈಟ್: ಹ್ಯಾಲೊಜನ್, ಎಚ್‌ಐಡಿ, ಎಲ್‌ಇಡಿ

ಪ್ರಶ್ನೆ: ಹೆಡ್‌ಲೈಟಿನ ಎಚ್4 ಹ್ಯಾಲೊಜನ್ ಬಲ್ಬಿನ (ಒಂದರಲ್ಲೇ ಲೋ, ಹೈ ಬೀಮ್ ಎರಡೂ ಇರುವ ಬಗೆ) ಬೆಳಕು ಸಾಲದೆಂದು ಅದೇ ಜಾಗಕ್ಕೆ ಎಲ್‌ಇಡಿ ಬಲ್ಬ್ ಹಾಕಿಸಿದೆ. ಹತ್ತಿರದ ರಸ್ತೆ ಬೆಳ್ಳಗೆ ಹೊಳೆಯುತ್ತದೆ, ದೂರದ್ದು ಕಾಣುವುದಿಲ್ಲ. ಎದುರಿನವರು ಡಿಮ್-ಡಿಪ್ ಮಾಡಿ ಬೈಯುತ್ತಾರೆ. ಎಚ್‌ಐಡಿ (ಫಿಲಮೆಂಟ್ ಇಲ್ಲದೆ, ಅನಿಲದಲ್ಲಿ ವಿದ್ಯುತ್ ಹರಿಸಿ ಬೆಳಗುವ ಬಲ್ಬ್) ಹಾಕಿದರೆ ಸರಿಹೋದೀತೇ?

ಉತ್ತರ: ಇಲ್ಲ, ಇನ್ನೂ ಕೆಡುತ್ತದೆ. ತೆಗೆದಿಟ್ಟ ಹಳೆಯ ಎಚ್4 ಬಲ್ಬನ್ನು ಒಮ್ಮೆ ನೋಡಿ. ಒಳಗೆ ಎರಡು ಫಿಲಮೆಂಟ್ (ಕಾದು ಬೆಳಗುವ ತಂತಿ), ಲೋ ಬೀಮ್‌ಗೊಂದು, ಹೈ ಬೀಮ್‌ಗೊಂದು. ಲೋ ಬೀಮ್‌ನದರ ಕೆಳಗೆ ದೋಣಿಯಂಥ ಪುಟ್ಟ ತಗಡು. ರಿಫ್ಲೆಕ್ಟರಿನ (ಬಲ್ಬಿನ ಹಿಂದಿನ ಹೊಳೆಯುವ ಬಟ್ಟಲಿನ) ಕೆಳಭಾಗಕ್ಕೆ ಬಿದ್ದು ಮೇಲಕ್ಕೆ ಚಿಮ್ಮಬೇಕಾದ ಬೆಳಕನ್ನು ಆ ತಗಡೇ ತಡೆಯುವುದು. ಫಿಲಮೆಂಟ್ ಇರುವ ಜಾಗಕ್ಕೆ ಲೆಕ್ಕಹಾಕಿಯೇ ರಿಫ್ಲೆಕ್ಟರನ್ನು ರೂಪಿಸಿರುತ್ತಾರೆ. ಎಲ್‌ಇಡಿಯ ಬೆಳಕು ಸೂಸುವ ಚಿಪ್ ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ಬೆಳಕು ಚದುರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಎಚ್‌ಐಡಿ 35 ವ್ಯಾಟ್‌ಗೇ ಸುಮಾರು 3200 ಲ್ಯೂಮೆನ್ (ಬೆಳಕಿನ ಅಳತೆ) ಕೊಡುತ್ತದೆ, ಎಚ್4 ಲೋ ಬೀಮ್‌ನ ಮೂರು ಪಟ್ಟು. ಚದುರುವುದೂ ಅಷ್ಟೇ ಹೆಚ್ಚು. ಹೊತ್ತಿಕೊಳ್ಳಲು 20,000 ವೋಲ್ಟ್‌ಗೂ ಮೀರಿದ ಹೊಡೆತ ಬೇಕು, ಪೂರ್ಣ ಬೆಳಗಲು ಕೆಲವು ಸೆಕೆಂಡು. ಅದಕ್ಕೆಂದೇ ಮಾಡಿದ ಪ್ರೊಜೆಕ್ಟರ್ (ಲೆನ್ಸಿನ ಮೂಲಕ ಬೆಳಕನ್ನು ಹದವಾಗಿ ಬಿಡುವ ಲ್ಯಾಂಪ್) ಇದ್ದರೆ ಮಾತ್ರ ಅದು ಚೆನ್ನ. ಎಲ್‌ಇಡಿಯೂ ಹಾಗೆಯೇ: ಕಂಪನಿಯೇ ಅದಕ್ಕೆಂದು ರೂಪಿಸಿದ ಇಡೀ ಲ್ಯಾಂಪ್ ಅತ್ಯುತ್ತಮ, ಬಲ್ಬ್ ಮಾತ್ರ ಬದಲಿಸಿದ್ದು ಅಲ್ಲ. ಎಲ್‌ಇಡಿಯ ಬಿಸಿ ಹಿಂಬದಿಗೆ ಹೋಗುತ್ತದೆ; ಅಲ್ಲಿನ ಫ್ಯಾನ್ ನಿಂತರೆ ಚಿಪ್ ಮಂಕಾಗಿ ಸಾಯುತ್ತದೆ.

60/55 ವ್ಯಾಟ್‌ನ (ಹೈ 60, ಲೋ 55) ಎಚ್4 ಅನ್ನೇ ಮರಳಿ ಹಾಕಿ. ಗಾಜನ್ನು ಬೆರಳಿನಿಂದ ಮುಟ್ಟಬೇಡಿ, ಜಿಡ್ಡು ಕೂತಲ್ಲಿ ವಿಪರೀತ ಕಾದು ಒಡೆಯುತ್ತದೆ. ಎಂಜಿನ್ ಚಾಲೂ ಇಟ್ಟು, ಲೈಟ್ ಹಾಕಿ, ಮಲ್ಟಿಮೀಟರಿನಲ್ಲಿ ಮೊದಲು ಬ್ಯಾಟರಿಯ ವೋಲ್ಟೇಜ್, ಆಮೇಲೆ ಹೋಲ್ಡರಿನ ಹಿಂದಿನಿಂದ ಬಲ್ಬ್‌ನ ಅರ್ತ್ ಪಿನ್‌ಗೂ ಉರಿಯುತ್ತಿರುವ ಬೀಮ್‌ನ ಪಿನ್‌ಗೂ ನಡುವಿನದು ಅಳೆಯಿರಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಅಲ್ಲೇ ಬೆಳಕು ಸೋರುತ್ತಿದೆ: ವೋಲ್ಟೇಜ್ ಶೇ 10 ಇಳಿದರೆ ಬೆಳಕು ಸುಮಾರು ಶೇ 30 ಇಳಿಯುತ್ತದೆ. ಅರ್ತ್ ಕನೆಕ್ಷನ್ ಉಜ್ಜಿ ಬಿಗಿ ಮಾಡಿಸಿ. ಸಾಲದಿದ್ದರೆ ಲೋ, ಹೈ ಎರಡಕ್ಕೂ ಒಂದೊಂದು ರಿಲೇ (ಬ್ಯಾಟರಿಯ ಕರೆಂಟನ್ನು ನೇರ ಬಲ್ಬಿಗೆ ಬಿಡುವ ವಿದ್ಯುತ್ ಸ್ವಿಚ್), 2.5 ಚದರ ಮಿ.ಮೀ. ತಂತಿ, ಬ್ಯಾಟರಿಯ ಹತ್ತಿರವೇ 15 ಆಂಪಿಯರ್ ಫ್ಯೂಸ್ ಹಾಕಿಸಿ. 100/90 ವ್ಯಾಟ್ ಬಲ್ಬ್ ಮಾತ್ರ ಬೇಡ, ಹೋಲ್ಡರ್ ಕರಗುತ್ತದೆ. ಹೊರಗಿನ ಲೆನ್ಸ್ ಹಳದಿಯಾಗಿದ್ದರೆ ಪಾಲಿಶ್ ಮಾಡಿಸಿ.

ಕೊನೆಗೆ ಸಮತಟ್ಟಾದ ಕಡೆ ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ. ಟೈರಿಗೆ ಸರಿಯಾದ ಗಾಳಿ, ಸೀಟಿನಲ್ಲಿ ಒಬ್ಬರು ಇರಲಿ. ಲೋ ಬೀಮ್‌ನ ಅಂಚು ಲ್ಯಾಂಪಿನ ನಡುಮಟ್ಟಕ್ಕಿಂತ ಸುಮಾರು 10 ಸೆಂ.ಮೀ. ಕೆಳಗೆ ಬೀಳಬೇಕು.

ಪ್ರಶ್ನೆ: ಮಂಜಿನಲ್ಲಿ ಹಳದಿ ಬೆಳಕು ಹೆಚ್ಚು ತೂರುತ್ತದೆಯೇ?

ಉತ್ತರ: ತೂರುವುದಿಲ್ಲ. ಮಂಜಿನ ಹನಿ ಬೆಳಕಿನ ಅಲೆಗಿಂತ ಎಷ್ಟೋ ದೊಡ್ಡದು, ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ಸಮ ಚದುರಿಸುತ್ತದೆ. ನೀಲಿ ಛಾಯೆಯ ಬಿಳಿ ಬೆಳಕು ಕಣ್ಣು ಕುಕ್ಕುವುದು ಹೆಚ್ಚು, ಹಾಗಾಗಿ ಹಳದಿ ಹಿತವೆನಿಸುತ್ತದೆ. ಹೈ ಬೀಮ್ ಆಫ್ ಮಾಡಿ. ತಗ್ಗಿನಲ್ಲಿರುವ, ಅಗಲಕ್ಕೆ ಹರಡುವ ಫಾಗ್ ಲ್ಯಾಂಪ್ ಹಾಕಿ.