ಫ್ಯಾಂಟಸಿ ಹಾಕಿ ಲೀಗ್‌ನಲ್ಲಿ ತಂಡ ಕೈಬದಲಾದರೆ ಹಳೆಯ ಇತಿಹಾಸ ಯಾರದು?

ನೀವು ಕೇಳಿದ್ದು ಇಷ್ಟು: ಗೆಳೆಯರ ಫ್ಯಾಂಟಸಿ ಹಾಕಿ ಲೀಗ್ ಬಹಳ ವರ್ಷಗಳಿಂದ ನಡೆದುಕೊಂಡು ಬಂದಿದೆ, ಎಲ್ಲ ತಂಡಗಳ ಇತಿಹಾಸವನ್ನು ಒಂದು ಕಡೆ ಬರೆದಿಡಬೇಕು. ಆದರೆ ಹೆಸರುಗಳು ವರ್ಷಕ್ಕೊಂದರಂತೆ ಬದಲಾಗಿವೆ, ಕೆಲವರು ಬಿಟ್ಟುಹೋಗಿ ಅವರ ಜಾಗಕ್ಕೆ ಬೇರೆಯವರು ಬಂದಿದ್ದಾರೆ. ಹಾಗಿದ್ದರೆ ಯಾವ ಗೆಲುವನ್ನು ಯಾರ ಲೆಕ್ಕಕ್ಕೆ ಬರೆಯುವುದು?

ನಮ್ಮ ಲೀಗ್‌ನ ಕಮಿಷನರ್, ಅಂದರೆ ಲೀಗ್ ನಡೆಸುವವನು, ನಾನೇ; ಹಾಗಾಗಿ ಕಡತವೂ ನನ್ನ ತಲೆಗೇ ಬಂದಿದೆ. ಈ ಜಗಳ ನಮ್ಮಲ್ಲೂ ಆಗಿ ಮುಗಿದಿದೆ. ಮುಗಿದಿದೆ ಅಂತ ನಾನು ಹೇಳುತ್ತೇನೆ, ಒಬ್ಬ ಗೆಳೆಯ ಇನ್ನೂ ಒಪ್ಪಿಲ್ಲ. ನನ್ನ ಉತ್ತರ ಇದು: ಒಂದು ಋತುವಿನಿಂದ ಮುಂದಿನ ಋತುವಿಗೆ ಏನು ದಾಟುತ್ತದೋ, ಇತಿಹಾಸ ಅದರದ್ದು.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಉತ್ತರ ಅಮೆರಿಕದ ಎನ್‌ಎಚ್‌ಎಲ್ ಐಸ್ ಹಾಕಿ ಲೀಗ್‌ನ ನಿಜವಾದ ಆಟಗಾರರನ್ನು ಗೆಳೆಯರು ಸರದಿಯಂತೆ ಆರಿಸಿಕೊಳ್ಳುತ್ತಾರೆ, ಅದೇ ಡ್ರಾಫ್ಟ್. ಆಮೇಲೆ ಅವರು ಹೊಡೆದ ಗೋಲು, ಕೊಟ್ಟ ಅಸಿಸ್ಟ್ (ಗೋಲಿಗೆ ದಾರಿ ಮಾಡಿದ ಪಾಸ್), ಗೋಲ್‌ಕೀಪರ್ ತಡೆದ ಹೊಡೆತ ಎಲ್ಲ ಸೇರಿ ನಿಮ್ಮ ಕಾಗದದ ತಂಡಕ್ಕೆ ಅಂಕ. ಕೆಲವು ಲೀಗ್‌ಗಳಲ್ಲಿ ಪ್ರತಿ ಋತು ಶುರುವಾಗುವ ಮುಂಚೆ ಎಲ್ಲರ ಪಟ್ಟಿಯನ್ನೂ ಖಾಲಿ ಮಾಡಿ ಹೊಸದಾಗಿ ಡ್ರಾಫ್ಟ್ ಮಾಡುತ್ತಾರೆ. ಕೀಪರ್ ಲೀಗ್‌ಗಳಲ್ಲಿ ಕೆಲವು ಆಟಗಾರರನ್ನು ಮುಂದಿನ ವರ್ಷಕ್ಕೂ ಉಳಿಸಿಕೊಳ್ಳಬಹುದು.

ಪ್ರತಿವರ್ಷ ಖಾಲಿಯಾಗುವ ಲೀಗ್ ನಿಮ್ಮದಾದರೆ ಕೆಲಸ ಸುಲಭ. ಅಲ್ಲಿ ಋತುವಿನಿಂದ ಋತುವಿಗೆ ದಾಟುವುದು ಮನುಷ್ಯ ಒಬ್ಬನೇ. ಗೆಳೆಯ ಬಿಟ್ಟುಹೋದ ದಿನ ಅವನ ತಂಡದ ಕಥೆ ಮುಗಿಯಿತು. ಅವನ ಜಾಗಕ್ಕೆ ಬಂದವನು ಸೊನ್ನೆಯಿಂದ ಶುರು ಮಾಡುತ್ತಾನೆ. ಹೆಸರಿನ ಕಡೆ ನೋಡಲೇಬೇಡಿ, ಆಳಿನ ಹೆಸರಿನಲ್ಲಿ ಪುಟ ತೆರೆಯಿರಿ.

ಕೀಪರ್ ಲೀಗ್‌ನಲ್ಲಿಯೇ ತಲೆನೋವು. ನಮ್ಮದೂ ಅದೇ. ನಮ್ಮ ಗುಂಪಿನಲ್ಲಿ ಒಬ್ಬ ವರ್ಷಗಟ್ಟಲೆ ತಳದಲ್ಲಿ ಕೂತು, ಎಳೆಯ ಆಟಗಾರರನ್ನು ತಾಳ್ಮೆಯಿಂದ ಕೂಡಿಹಾಕಿ, ಫಲ ಕೈಗೆ ಬರುವ ಹೊತ್ತಿಗೆ ಕೆಲಸದ ಒತ್ತಡದಿಂದ ಬಿಟ್ಟುಹೋದ. ಆ ಪಟ್ಟಿಯನ್ನು ಹಾಗೇ ಎತ್ತಿಕೊಂಡ ಹೊಸಬ ಮೊದಲ ಋತುವಿನಲ್ಲೇ ಕಪ್ ಗೆದ್ದ. ನೆಟ್ಟವನೊಬ್ಬ, ಕಿತ್ತು ತಿಂದವನೊಬ್ಬ. ಗೆಲುವಿನ ಸಂಭ್ರಮ ಆರುವ ಮೊದಲೇ ಹಳಬ ಗುಂಪಿಗೆ ಸಂದೇಶ ಹಾಕಿದ: ‘ಅದು ನನ್ನ ಕಪ್ಪು ಕಣಯ್ಯಾ.’

ಎನ್‌ಎಚ್‌ಎಲ್‌ನಲ್ಲೇ ಇದರ ಪಡಿಯಚ್ಚು ಇದೆ. ಕ್ವಿಬೆಕ್ ನಾರ್ಡಿಕ್ಸ್ ತಂಡ 1992ರಲ್ಲಿ ಎಳೆಯ ತಾರೆ ಎರಿಕ್ ಲಿಂಡ್ರೋಸ್‌ನನ್ನು ಫಿಲಡೆಲ್ಫಿಯಾಕ್ಕೆ ಬಿಟ್ಟುಕೊಟ್ಟು, ಬದಲಿಗೆ ಪೀಟರ್ ಫೋರ್ಸ್‌ಬರ್ಗ್ ಸೇರಿದಂತೆ ಒಂದು ರಾಶಿ ಆಟಗಾರರನ್ನು ಪಡೆದು ತಂಡ ಕಟ್ಟಿತು. 1995ರಲ್ಲಿ ಆ ತಂಡ ಡೆನ್ವರ್‌ಗೆ ಸ್ಥಳಾಂತರವಾಗಿ ಕೊಲರಾಡೊ ಅವಲಾಂಚ್ ಆಯಿತು. 1996ರಲ್ಲಿ, ಹೊಸ ಊರಿನ ಮೊದಲ ಋತುವಿನಲ್ಲೇ, ಎನ್‌ಎಚ್‌ಎಲ್ ಚಾಂಪಿಯನ್ನರಿಗೆ ಸಿಗುವ ಸ್ಟ್ಯಾನ್ಲಿ ಕಪ್! ಕಪ್ಪಿನ ಮೇಲೆ ಕೆತ್ತಿರುವುದು ಕೊಲರಾಡೊ ಹೆಸರು, ಆದರೆ ಲೀಗ್‌ನ ದಾಖಲೆಯಲ್ಲಿ ನಾರ್ಡಿಕ್ಸ್ ಮತ್ತು ಅವಲಾಂಚ್ ಒಂದೇ ವಂಶ. ನಾವೂ ಹಾಗೇ ಮಾಡಿದೆವು. ಕಡತದಲ್ಲಿ ಎರಡು ಅಂಕಣಗಳಿವೆ: ಒಂದು ‘ಗಾದಿ’, ಇನ್ನೊಂದು ‘ಗಾದಿಯಲ್ಲಿ ಕೂತವರು’. ಕಪ್ ಗಾದಿಯ ಲೆಕ್ಕಕ್ಕೂ ಹೋಗುತ್ತದೆ, ಗೆದ್ದ ದಿನ ಅಲ್ಲಿ ಕೂತಿದ್ದವನ ಲೆಕ್ಕಕ್ಕೂ ಹೋಗುತ್ತದೆ. ಹಳಬನಿಗೆ ವಂಶದಲ್ಲಿ ಪಾಲಿದೆ, ವೈಯಕ್ತಿಕ ಪಟ್ಟಿಯಲ್ಲಿ ಇಲ್ಲ. ಆ ಆಟಗಾರರನ್ನು ಯಾವ ಯಾವ ವರ್ಷ ಅವನು ತಂದ ಎಂಬುದನ್ನು ಮಾತ್ರ ಗೆಲುವಿನ ಕೆಳಗೆ ವಿವರವಾಗಿ ಬರೆದಿದ್ದೇನೆ. ಅವನಿಗೆ ಅದು ಸಾಲದು, ಇರಲಿ.

ಹೆಸರು ಮರಳಿ ಬಂದ ಮಾತ್ರಕ್ಕೆ ಇತಿಹಾಸ ಮರಳುವುದಿಲ್ಲ ಎಂಬುದಕ್ಕೂ ಒಂದು ಉದಾಹರಣೆ ಇದೆ. ಮೊದಲ ವಿನಿಪೆಗ್ ಜೆಟ್ಸ್ 1996ರಲ್ಲಿ ಅರಿಜೋನಾ ರಾಜ್ಯದ ಫೀನಿಕ್ಸ್‌ಗೆ ಹೋಯಿತು. 2011ರಲ್ಲಿ ಅಟ್ಲಾಂಟಾ ಥ್ರಾಶರ್ಸ್ ವಿನಿಪೆಗ್‌ಗೆ ಬಂದು ಮತ್ತೆ ಜೆಟ್ಸ್ ಎಂಬ ಹೆಸರಿಟ್ಟುಕೊಂಡಿತು. ಊರು ಅದೇ, ಹೆಸರು ಅದೇ. ಆದರೂ 1992-93ರಲ್ಲಿ ಹೊಸ ಆಟಗಾರನಾಗಿ ಟೀಮು ಸೆಲಾನಿ ವಿನಿಪೆಗ್‌ಗೆ ಹೊಡೆದ 76 ಗೋಲುಗಳು ಈಗಿನ ಜೆಟ್ಸ್‌ನ ಫ್ರಾಂಚೈಸಿ ದಾಖಲೆಗೆ ಸೇರುವುದಿಲ್ಲ, ಅವು ಮರುಭೂಮಿಗೆ ಹೋದ ವಂಶದ್ದು. ಮುಂದೆ 2024ರಲ್ಲಿ ಆ ಅರಿಜೋನಾ ತಂಡದ ಆಟಗಾರರು, ಡ್ರಾಫ್ಟ್ ಹಕ್ಕುಗಳು ಎಲ್ಲವೂ ಯೂಟಾಗೆ ಹೋದವು. ನನ್ನ ಸೂತ್ರದ ಪ್ರಕಾರ ಇತಿಹಾಸವೂ ಜೊತೆಗೆ ಹೋಗಬೇಕಿತ್ತು. ಲೀಗ್ ಮಾತ್ರ ಯೂಟಾವನ್ನು ಹೊಸ ತಂಡ ಎಂದು ಎಣಿಸಿ, ಹಳೆಯ ದಾಖಲೆಯನ್ನು ಅರಿಜೋನಾ ಹೆಸರಿನಲ್ಲೇ ಕಟ್ಟಿಟ್ಟಿತು. ದೊಡ್ಡವರು ಮಾಡಿದರೂ ಇದು ನನಗೆ ಸರಿ ಕಾಣುವುದಿಲ್ಲ. ಆದರೆ ನಿಮ್ಮ ಗುಂಪಿನಲ್ಲಿ ಯಾರಾದರೂ ಹಟ ಹಿಡಿದರೆ ಅವರ ಕೈಗೂ ಒಂದು ಪುರಾವೆ ಇದೆ ಅನ್ನುವುದು ಗೊತ್ತಿರಲಿ.

ವಂಶ ಹಿಡಿಯಲು ಹೆಸರು ಪ್ರಯೋಜನವಿಲ್ಲ ಎಂದೆ. ಹಾಗಂತ ಎಸೆಯಬೇಡಿ. ಪ್ರತಿ ಋತುವಿನ ಹೆಸರನ್ನೂ ಇದ್ದದ್ದು ಇದ್ದ ಹಾಗೆ ಬರೆದಿಡಿ, ಅಶ್ಲೀಲವಾದವನ್ನೂ ಸೇರಿಸಿ. ಫ್ಯಾಂಟಸಿ ತಂಡದ ಹೆಸರು ಸಾಮಾನ್ಯವಾಗಿ ಯಾವುದಾದರೂ ಆಟಗಾರನ ಹೆಸರಿನ ಮೇಲಿನ ಚೇಷ್ಟೆ; ಹಾಗಾಗಿ ಆ ವರ್ಷ ಯಾರ ಕೈಯಲ್ಲಿ ಯಾರಿದ್ದರು ಎಂಬ ಸುಳಿವು ಅದರಲ್ಲೇ ಸಿಗುತ್ತದೆ. ನಮ್ಮಲ್ಲಿ ಒಬ್ಬನ ತಂಡ ‘ಮೆಕ್‌ಡೇವಿಡ್ ಮಿತ್ರ ಮಂಡಳಿ’. ಎನ್‌ಎಚ್‌ಎಲ್ ತಾರೆ ಮೆಕ್‌ಡೇವಿಡ್‌ನನ್ನು ಅವನು ಕೈಯಾರೆ ಟ್ರೇಡ್ ಮಾಡಿದ (ಬೇರೆ ಆಟಗಾರರಿಗೆ ಬದಲಾಗಿ ಬಿಟ್ಟುಕೊಟ್ಟ) ಮೇಲೂ ಋತು ಮುಗಿಯುವ ತನಕ ಹೆಸರು ಬದಲಿಸಲಿಲ್ಲ. ಆ ಟ್ರೇಡ್ ಬಗ್ಗೆ ಬೇರೆ ಟಿಪ್ಪಣಿ ಬರೆಯುವ ಅಗತ್ಯವೇ ಬೀಳಲಿಲ್ಲ.

ಅರ್ಧಕ್ಕೆ ನಿಂತ ಋತುಗಳ ವಿಷಯದಲ್ಲಿ ಎಚ್ಚರ ಬೇಕು. 2020ರ ಮಾರ್ಚ್ 12ರಂದು ಎನ್‌ಎಚ್‌ಎಲ್ ಆಟ ನಿಲ್ಲಿಸಿತು. ವಾರವಾರ ಎದುರುಬದುರು ಆಡುವ ಫ್ಯಾಂಟಸಿ ಲೀಗ್‌ಗಳಿಗೆ ಪ್ಲೇಆಫ್ ಸಮಯವೇ ಅದು. ಆಗ ಮೊದಲ ಸ್ಥಾನದಲ್ಲಿದ್ದವನು ತಾನೇ ಚಾಂಪಿಯನ್ ಅನ್ನುತ್ತಾನೆ, ಉಳಿದವರು ನಗುತ್ತಾರೆ. ಇಲ್ಲಿ ಸ್ಟ್ಯಾನ್ಲಿ ಕಪ್ಪನ್ನೇ ಅನುಸರಿಸಿ. 1919ರಲ್ಲಿ ಇನ್‌ಫ್ಲುಯೆಂಜಾದಿಂದ ಮಾಂಟ್ರಿಯಲ್ ಮತ್ತು ಸಿಯಾಟಲ್ ನಡುವಿನ ಫೈನಲ್ ನಿಂತುಹೋದಾಗ ಯಾರಿಗೂ ಕಪ್ ಕೊಡಲಿಲ್ಲ. ಎರಡೂ ತಂಡಗಳ ಹೆಸರಿನ ಜೊತೆ ಸರಣಿ ಪೂರ್ಣವಾಗಲಿಲ್ಲ ಎಂದು ಕೆತ್ತಲಾಗಿದೆ. ಮಾಲೀಕರು ಆಟಗಾರರನ್ನು ಹೊರಗಿಟ್ಟ ಲಾಕ್‌ಔಟ್‌ನಿಂದ ಪೂರ್ತಿ ರದ್ದಾದ 2004-05ಕ್ಕೂ ಋತು ನಡೆಯಲಿಲ್ಲ ಎಂಬ ಸಾಲು ಅಲ್ಲಿದೆ. ವರ್ಷವನ್ನು ಬಿಟ್ಟುಬಿಡುವುದಕ್ಕಿಂತ, ಸುಳ್ಳು ಚಾಂಪಿಯನ್‌ನನ್ನು ಕೂರಿಸುವುದಕ್ಕಿಂತ, ಆದದ್ದನ್ನು ಆದ ಹಾಗೆ ಒಂದು ಸಾಲಿನಲ್ಲಿ ಬರೆಯುವುದು ಮೇಲು.

ಅದೇ ಕಪ್ಪಿನ ಮೇಲೆ ಅಕ್ಷರದೋಷಗಳೂ ಇವೆ. 1972ರ ಬಾಸ್ಟನ್ ಹೆಸರನ್ನೂ 1981ರ ಐಲ್ಯಾಂಡರ್ಸ್ ಹೆಸರನ್ನೂ ತಪ್ಪಾಗಿ ಕೆತ್ತಿದ್ದಾರೆ. 1984ರಲ್ಲಿ ಎಡ್ಮಂಟನ್ ಮಾಲೀಕ ಪೀಟರ್ ಪೊಕ್ಲಿಂಗ್ಟನ್ ತನ್ನ ತಂದೆಯ ಹೆಸರನ್ನು ಸೇರಿಸಿಬಿಟ್ಟ. ಆಮೇಲೆ ಆ ಹೆಸರಿನ ಮೇಲೆ ಸಾಲಾಗಿ ಗುಣಿಸು ಗುರುತು ಹೊಡೆದು ಮುಚ್ಚಿದರು. ನಿಮ್ಮ ಲೀಗ್‌ನಲ್ಲೂ ಒಬ್ಬ ಇರುತ್ತಾನೆ: ಡ್ರಾಫ್ಟ್‌ಗೂ ಬಾರದೆ, ಕಂಪ್ಯೂಟರ್ ಆರಿಸಿಕೊಟ್ಟ ತಂಡದಲ್ಲೇ ಗೆದ್ದವನು. ಅವನ ಹೆಸರನ್ನು ಅಳಿಸಬೇಡಿ. ಪಕ್ಕದಲ್ಲಿ ಒಂದು ಟಿಪ್ಪಣಿ ಹಾಕಿ, ಅದು ಅಳಿಸುವುದಕ್ಕಿಂತ ಹೆಚ್ಚು ಉರಿಯುತ್ತದೆ.

ಇನ್ನು ಅಂಕಗಳು. ಬೇರೆಬೇರೆ ವರ್ಷಗಳ ಒಟ್ಟು ಅಂಕವನ್ನು ಪಕ್ಕಪಕ್ಕ ಇಟ್ಟು ‘ಸಾರ್ವಕಾಲಿಕ ಶ್ರೇಷ್ಠ ತಂಡ’ ಎಂದು ಘೋಷಿಸುವ ಆಸೆಯನ್ನು ತಡೆದುಕೊಳ್ಳಿ. 2012-13ರಲ್ಲಿ ತಂಡಕ್ಕೆ 48 ಪಂದ್ಯ, 2020-21ರಲ್ಲಿ 56. ನಿಮ್ಮ ಲೀಗ್‌ನ ಬಹುತೇಕ ಉಳಿದ ಋತುಗಳಲ್ಲಿ 82. ಗೋಲುಗಳ ಕಾಲವೂ ಬೇರೆಬೇರೆ: 2014-15ರಲ್ಲಿ ಜೇಮಿ ಬೆನ್ (ಗೋಲು, ಅಸಿಸ್ಟ್ ಸೇರಿ) 87 ಅಂಕಕ್ಕೇ ಇಡೀ ಲೀಗ್‌ನ ಮೊದಲಿಗನಾದ, 2022-23ರಲ್ಲಿ ಕಾನರ್ ಮೆಕ್‌ಡೇವಿಡ್ ಗಳಿಸಿದ್ದು 153. ಇದರ ಮೇಲೆ ನೀವೇ ನಡುವೆ ಹಿಟ್ (ಎದುರಾಳಿಗೆ ಮೈಡಿಕ್ಕಿ), ಬ್ಲಾಕ್ (ಹೊಡೆತಕ್ಕೆ ಅಡ್ಡ ನಿಲ್ಲುವುದು) ಇವುಗಳಿಗೂ ಅಂಕ ಕೊಡಲು ಶುರು ಮಾಡಿರುತ್ತೀರಿ. ಹಾಗಾಗಿ ಆ ವರ್ಷದ ಸರಾಸರಿ ತಂಡಕ್ಕಿಂತ ಶೇಕಡಾ ಎಷ್ಟು ಮುಂದಿತ್ತು ಎಂದು ಮಾತ್ರ ಲೆಕ್ಕ ಹಾಕಿ, ಮತ್ತು ಪ್ರತಿ ಋತುವಿನ ನಿಯಮಗಳನ್ನು ಅದೇ ಪುಟದಲ್ಲಿ ಬರೆಯಿರಿ. ನಿಯಮದ ವಿಚಿತ್ರಗಳು ಓದಲೂ ಮಜವಾಗಿರುತ್ತವೆ. ಎನ್‌ಎಚ್‌ಎಲ್ ದಿಗ್ಗಜ ವೇನ್ ಗ್ರೆಟ್ಸ್ಕಿಯ ಕಾಲದಲ್ಲಿ ಕೆಲವು ಹಾಕಿ ಪೂಲ್‌ಗಳು (ಫ್ಯಾಂಟಸಿ ಲೀಗ್‌ನಂಥವೇ) ಅವನನ್ನು ಇಬ್ಬರು ಆಟಗಾರರಂತೆ ಒಡೆದಿದ್ದವು, ಗೋಲಿನ ಗ್ರೆಟ್ಸ್ಕಿ ಒಬ್ಬ, ಅಸಿಸ್ಟಿನ ಗ್ರೆಟ್ಸ್ಕಿ ಇನ್ನೊಬ್ಬ. 1985-86ರಲ್ಲಿ ಅವನ 215 ಅಂಕಗಳಲ್ಲಿ 163 ಅಸಿಸ್ಟ್‌ಗಳೇ. ಒಡೆಯದೆ ಇನ್ನೇನು ಮಾಡಿಯಾರು?

ಮಾಹಿತಿ ಎಲ್ಲಿಂದ ತರುವುದು ಎಂದೂ ಕೇಳಿದ್ದೀರಿ. ಲೀಗ್ ನಡೆಸುವ ಆ್ಯಪ್‌ನಲ್ಲಿ ಹಳೆಯ ಋತುಗಳ ಅಂಕಪಟ್ಟಿ ಇದ್ದರೆ ಇವತ್ತೇ ನಿಮ್ಮ ಫೈಲ್‌ಗೆ ಇಳಿಸಿಕೊಳ್ಳಿ, ಅದು ಶಾಶ್ವತ ಎಂದು ನಂಬಬೇಡಿ. ಡ್ರಾಫ್ಟ್ ಪಟ್ಟಿ ಮತ್ತು ಟ್ರೇಡ್‌ಗಳೇ ಮುಖ್ಯ. ಅಂತಿಮ ಸ್ಥಾನ ಎಲ್ಲರಿಗೂ ನೆನಪಿರುತ್ತದೆ, ಹನ್ನೊಂದನೇ ಸುತ್ತಿನಲ್ಲಿ ಯಾರನ್ನು ಯಾರು ಆರಿಸಿದರು ಎಂಬುದು ಮರೆತುಹೋಗುತ್ತದೆ. ಹಳೆಯ ಇಮೇಲ್ ಮತ್ತು ಗುಂಪಿನ ಚಾಟ್‌ನಲ್ಲಿ ಆಟಗಾರರ ಹೆಸರು ಹಾಕಿ ಹುಡುಕಿದರೆ ಟ್ರೇಡ್‌ಗಳ ಜೊತೆಗೆ ಅವುಗಳ ಹಿಂದಿನ ಬೈಗುಳವೂ ಸಿಗುತ್ತದೆ.

ಕೊನೆಯದಾಗಿ, ಇಬ್ಬರು ಸೇರಿ ಒಂದೇ ತಂಡ ನಡೆಸಿ ಆಮೇಲೆ ಬೇರೆಯಾದ ನಿಮ್ಮ ಗೆಳೆಯರ ಪ್ರಶ್ನೆ. ಇದೂ ಹಿಂದೆ ಆಗಿರುವುದೇ. 1978ರಲ್ಲಿ ಕ್ಲೀವ್‌ಲ್ಯಾಂಡ್ ಬ್ಯಾರನ್ಸ್ ತಂಡ ಮಿನೆಸೋಟಾ ನಾರ್ತ್ ಸ್ಟಾರ್ಸ್ ಜೊತೆ ವಿಲೀನವಾಯಿತು. ಮಾಲೀಕರು ಕ್ಲೀವ್‌ಲ್ಯಾಂಡ್‌ನ ಗಂಡ್ ಸಹೋದರರು, ಹೆಸರು ಮಿನೆಸೋಟಾದ್ದು. 1991ರಲ್ಲಿ ಆ ಸಹೋದರರು ಹೊರಬಂದು ಸ್ಯಾನ್ ಹೋಸೆ ಶಾರ್ಕ್ಸ್ ಶುರು ಮಾಡಿದಾಗ ಮಿನೆಸೋಟಾದ ಕೆಲವು ಆಟಗಾರರನ್ನೂ ಪಡೆದರು. ಆದರೂ ಶಾರ್ಕ್ಸ್‌ನ ಇತಿಹಾಸ 1991ರಿಂದಲೇ ಆರಂಭ. ಹಾಗಾಗಿ ಗಾದಿಯಲ್ಲಿ ಉಳಿದವನಿಗೆ ವಂಶ, ಹೊರಟವನಿಗೆ ಹೊಸ ಪುಟ. ಜೊತೆಗಿದ್ದಾಗ ಗೆದ್ದ ಕಪ್ ಮಾತ್ರ ಇಬ್ಬರ ವೈಯಕ್ತಿಕ ಪಟ್ಟಿಯಲ್ಲೂ ಪೂರ್ತಿ ಒಂದೊಂದು. ಅರ್ಧರ್ಧ ಹಂಚಲು ಹೋದರೆ ಮುಂದಿನ ಡ್ರಾಫ್ಟ್ ತನಕ ಅದೇ ಮಾತಾಗುತ್ತದೆ.