ಅನಿಲ ಎತ್ತ ಹರಿಯುತ್ತಿತ್ತು? ಹೊಸ ಬರಹಗಾರರೊಬ್ಬರಿಗೆ ಪತ್ರ

ಆತ್ಮೀಯರೇ,

‘ಯುರೋಪಿನ ಇಂಧನ ಭದ್ರತೆ: ಸವಾಲುಗಳು ಮತ್ತು ಸಾಧ್ಯತೆಗಳು’ ಎಂಬ ನಿಮ್ಮ ಲೇಖನ ಕೈಸೇರಿ ಮೂರು ವಾರವಾಯಿತು. ಉತ್ತರ ತಡವಾದದ್ದಕ್ಕೆ ಕ್ಷಮಿಸಿ. ಎರಡು ಸಲ ಓದಿದೆ. ಎರಡನೆಯ ಸಲ ಪೆನ್ಸಿಲ್ ಹಿಡಿದು ಓದಿದೆ. ಈಗಿರುವಂತೆ ಪ್ರಕಟಿಸಲು ಆಗುವುದಿಲ್ಲ. ಹಾಗೆಂದು ಎರಡು ಸಾಲಿನ ವಿಷಾದ ಬರೆದು ಕೈತೊಳೆದುಕೊಳ್ಳಲು ಮನಸ್ಸು ಒಪ್ಪಲಿಲ್ಲ. ಈ ವಿಷಯವನ್ನು ಕನ್ನಡದಲ್ಲಿ ಕೂತು ಬರೆಯುವವರು ಬೆರಳೆಣಿಕೆಯಷ್ಟು. ನೀವು ಆರು ವರ್ಷದಿಂದ ಜರ್ಮನಿಯಲ್ಲಿದ್ದೀರಿ, ವಿದ್ಯುತ್ ಕ್ಷೇತ್ರದಲ್ಲೇ ದುಡಿಯುತ್ತಿದ್ದೀರಿ. ನೀವು ಬರೆಯದಿದ್ದರೆ ಇನ್ಯಾರು ಬರೆಯಬೇಕು? ಅದಕ್ಕೇ ಈ ಉದ್ದದ ಪತ್ರ.

ಹದಿನಾಲ್ಕು ಪುಟಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದೇ ವಾಕ್ಯ. ಆರನೆಯ ಪುಟದಲ್ಲಿ, ಅಂಕಿಅಂಶಗಳ ಸಂದಿಯಲ್ಲಿ ಅದು ಸಿಕ್ಕಿತು: ‘2022ರ ಚಳಿಗಾಲದಲ್ಲಿ ನಮ್ಮ ಮನೆಯೊಡತಿ ಹೀಟರಿನ ತಿರುಗುಣಿಯನ್ನು ಮೂರರಿಂದ ಎರಡಕ್ಕೆ ಇಳಿಸಿ, ಮತ್ತೆ ಯಾರೂ ತಿರುಗಿಸಬಾರದೆಂದು ಮೇಲೆ ಟೇಪು ಅಂಟಿಸಿದ್ದರು.’ ಆ ಟೇಪು ನನ್ನ ಕಣ್ಣಿಗೆ ಕಟ್ಟಿತು. ಆದರೆ ಮರುವಾಕ್ಯದಲ್ಲೇ ನೀವು ‘ಜಾಗತಿಕ ಭೂರಾಜಕೀಯ ಪಲ್ಲಟಗಳ ಹಿನ್ನೆಲೆಯಲ್ಲಿ’ ಎಂದು ಹೊರಟುಬಿಟ್ಟಿರಿ. ಆ ಕೋಣೆಯ ಚಳಿಗೆ ಮತ್ತೆ ಮರಳಲೇ ಇಲ್ಲ.

ಲೇಖನ ಅಲ್ಲಿಂದ ಶುರುವಾಗಲಿ. ಶ್ರೀಮಂತ ದೇಶವೊಂದರಲ್ಲಿ, ಸರ್ಕಾರಿ ಕಚೇರಿಗಳನ್ನು 19 ಡಿಗ್ರಿಗಿಂತ ಹೆಚ್ಚು ಬೆಚ್ಚಗಿಡಬಾರದೆಂದು ನಿಯಮವೇ ಬಂದ ವರ್ಷದಲ್ಲಿ, ಒಬ್ಬ ಹೆಂಗಸು ತನ್ನ ಮನೆಯ ಹೀಟರಿಗೆ ಟೇಪು ಅಂಟಿಸುವ ಸ್ಥಿತಿ ಏಕೆ ಬಂತು? ಓದುಗರಿಗೆ ಬೇಕಾದದ್ದು ಈ ಪ್ರಶ್ನೆಗೆ ಉತ್ತರ. ನೀವು ಮೊದಲ ಐದು ಪುಟ 1950ರ ಶೂಮನ್ ಘೋಷಣೆ, ಕಲ್ಲಿದ್ದಲು ಮತ್ತು ಉಕ್ಕಿನ ಸಮುದಾಯ, 1973ರ ತೈಲ ಬಿಕ್ಕಟ್ಟು ಎಂದು ಕಾಲಾನುಕ್ರಮವಾಗಿ ನಡೆದಿದ್ದೀರಿ. ಎಲ್ಲವೂ ನಿಜ. ಆದರೆ ಪಠ್ಯಪುಸ್ತಕದಲ್ಲಿ ಇರುವುದನ್ನು ಪಠ್ಯಪುಸ್ತಕದ ಕ್ರಮದಲ್ಲೇ ಹೇಳಿದರೆ ಓದುಗರು ಮೂರನೆಯ ಪುಟಕ್ಕೇ ಎದ್ದುಹೋಗುತ್ತಾರೆ. ಅದರಲ್ಲಿ ಒಂದು ಗಂಟು ಮಾತ್ರ ಉಳಿಸಿಕೊಳ್ಳಿ: ಯುರೋಪಿನ ಆರು ದೇಶಗಳು ಮೊದಲು ಒಂದಾದದ್ದೇ ಕಲ್ಲಿದ್ದಲಿನ ಸುತ್ತ. ಹಾಗಿದ್ದೂ ವಿದ್ಯುತ್ತು, ಅನಿಲಗಳ ಮಾರುಕಟ್ಟೆ ತೆರೆಯುವ ಮೊದಲ ನಿರ್ದೇಶನಗಳು ಬಂದದ್ದು 1996 ಮತ್ತು 1998ರಲ್ಲಿ. ನಡುವಿನ ನಾಲ್ಕು ದಶಕ ಪ್ರತಿ ದೇಶವೂ ತನ್ನ ಒಲೆಯನ್ನು ತಾನೇ ನೋಡಿಕೊಂಡಿತು, ಮಾರುವವರೊಂದಿಗೆ ತಾನೊಬ್ಬನೇ ಕೂತು ಚೌಕಾಸಿ ಮಾಡಿತು. ಈ ಒಂದು ಪ್ಯಾರಾ ಸಾಕು.

ಇನ್ನು ಲೇಖನದ ತಿರುಳಿಗೆ ಬರುತ್ತೇನೆ. ನನ್ನ ದೊಡ್ಡ ತಕರಾರು ಇಲ್ಲಿದೆ. ನೀವು ಇಂಧನ ಭದ್ರತೆ ಎಂದರೆ ಇಂಧನ ಇದೆಯೋ ಇಲ್ಲವೋ ಎಂಬ ಪ್ರಶ್ನೆ ಎಂದುಕೊಂಡಿದ್ದೀರಿ. ರಷ್ಯಾ ಕೊಡದಿದ್ದರೆ ನಾರ್ವೆ, ನಾರ್ವೆ ಸಾಲದಿದ್ದರೆ ಅಮೆರಿಕ ಅಥವಾ ಕತಾರ್ ಎಂದು ಅಂಗಡಿ ಬದಲಿಸುವ ಲೆಕ್ಕದಲ್ಲಿ ಬರೆದಿದ್ದೀರಿ. ಬಲ್ಗೇರಿಯಾದ ಎರಡು ಚಳಿಗಾಲಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಕಥೆ ಬೇರೆಯೇ ಕಾಣುತ್ತದೆ. ನೀವು 2009ಕ್ಕೆ ಕೊಟ್ಟದ್ದು ಒಂದೂವರೆ ಸಾಲು.

ಆ ವರ್ಷ ಜನವರಿ ಮೊದಲ ವಾರ. ರಷ್ಯಾ ಮತ್ತು ಉಕ್ರೇನ್ ನಡುವೆ ಬಾಕಿ ಹಣ, ದರಗಳ ಜಗಳ. 7ನೇ ತಾರೀಖಿಗೆ ಉಕ್ರೇನ್ ಮೂಲಕ ಯುರೋಪಿಗೆ ಹೋಗುವ ಅನಿಲ ಪೂರ್ತಿ ನಿಂತಿತು. ಮತ್ತೆ ಬಂದದ್ದು 20ರಂದು. ಬಲ್ಗೇರಿಯಾಕ್ಕೆ ಬರುತ್ತಿದ್ದ ಅನಿಲ ಹೆಚ್ಚುಕಡಿಮೆ ಎಲ್ಲವೂ ಆ ಒಂದೇ ದಾರಿಯದ್ದು. ಗಮನಿಸಿ: ಆ ಹೊತ್ತಿನಲ್ಲಿ ಯುರೋಪಿನಲ್ಲಿ ಅನಿಲ ಇತ್ತು. ಪಶ್ಚಿಮದ ದೇಶಗಳ ನೆಲದಡಿಯ ಸಂಗ್ರಹಾಗಾರಗಳಲ್ಲಿ ಇತ್ತು. ಪಕ್ಕದ ಗ್ರೀಸಿನ ರೆವಿತೂಸಾ ದ್ವೀಪದಲ್ಲಿ ಹಡಗಿನಿಂದ, ತಣಿಸಿ ದ್ರವವಾಗಿಸಿದ ಅನಿಲ, ಅಂದರೆ ಎಲ್‌ಎನ್‌ಜಿ ಇಳಿಸಿಕೊಳ್ಳುವ ಟರ್ಮಿನಲ್ ಇತ್ತು. ಗ್ರೀಸಿಗೂ ಬಲ್ಗೇರಿಯಾಕ್ಕೂ ನಡುವೆ ಪೈಪೂ ಇತ್ತು. ಆದರೆ ಆ ಪೈಪು ಉತ್ತರದಿಂದ ದಕ್ಷಿಣಕ್ಕೆ, ಬಲ್ಗೇರಿಯಾದಿಂದ ಗ್ರೀಸಿಗೆ ಹರಿಸಲೆಂದು ಕಟ್ಟಿದ್ದು.

ನಮ್ಮ ಓದುಗರಿಗೆ ಇಲ್ಲಿ ಒಂದು ವಿವರಣೆ ಬೇಕು, ನೀವೇ ಚೆನ್ನಾಗಿ ಕೊಡಬಲ್ಲಿರಿ. ಕಾಲುವೆಯ ನೀರು ಇಳಿಜಾರನ್ನು ಹುಡುಕಿಕೊಂಡು ಹರಿಯುತ್ತದೆ, ಅದನ್ನು ಹಿಂದಕ್ಕೆ ತಿರುಗಿಸಲಾಗದು. ಅನಿಲಕ್ಕೆ ಇಳಿಜಾರಿಲ್ಲ. ದಾರಿಯುದ್ದಕ್ಕೂ ಇರುವ ಕಂಪ್ರೆಸರ್ ಸ್ಟೇಷನ್ನುಗಳು ಯಾವ ಕಡೆಗೆ ಒತ್ತುತ್ತವೆಯೋ ಆ ಕಡೆಗೆ ಅದು ಹೋಗುತ್ತದೆ. ಅಂದರೆ ಕವಾಟ, ಮೀಟರು, ಕಂಪ್ರೆಸರುಗಳನ್ನು ಬದಲಿಸಿದರೆ ಅದೇ ಪೈಪಿನಲ್ಲಿ ಉಲ್ಟಾ ಹರಿಸಬಹುದು. 2009ರ ತನಕ ಅದಕ್ಕೆ ಹಣ ಹಾಕಿದವರು ಕಡಿಮೆ, ಏಕೆಂದರೆ ಪೂರ್ವದಿಂದ ಪಶ್ಚಿಮಕ್ಕೆ ಬರುವುದು ಇಷ್ಟು ದಿನ ಪೂರ್ತಿ ನಿಂತೀತು ಎಂದು ಹೆಚ್ಚಿನವರು ಲೆಕ್ಕ ಹಾಕಿರಲಿಲ್ಲ. ಮರುವರ್ಷವೇ, 2010ರಲ್ಲಿ, ಗಡಿ ದಾಟುವ ಪೈಪುಗಳು ಎರಡೂ ಕಡೆಗೆ ಹರಿಯುವಂತಿರಬೇಕು ಎಂಬ ನಿಯಮ ಯುರೋಪಿಯನ್ ಒಕ್ಕೂಟದಲ್ಲಿ ಬಂತು. ಅದರ ಫಲ 2014ರ ಸೆಪ್ಟೆಂಬರಿನಲ್ಲಿ ನೋಡಿ: ದಶಕಗಳ ಕಾಲ ರಷ್ಯಾದ ಅನಿಲ ಪಶ್ಚಿಮಕ್ಕೆ ದಾಟುತ್ತಿದ್ದ ಸ್ಲೊವಾಕಿಯಾದ ಗಡಿಯಿಂದಲೇ ಉಕ್ರೇನಿಗೆ ಪೂರ್ವದತ್ತ ಅನಿಲ ಹರಿಯತೊಡಗಿತು.

ಈಗ ಬಲ್ಗೇರಿಯಾದ ಎರಡನೆಯ ಸರದಿ. 2022ರ ಏಪ್ರಿಲ್ 27. ರೂಬಲ್‌ನಲ್ಲಿ ಪಾವತಿಸಲು ಒಪ್ಪದ ಪೋಲೆಂಡಿಗೂ ಬಲ್ಗೇರಿಯಾಕ್ಕೂ ರಷ್ಯಾದ ಸರ್ಕಾರಿ ಅನಿಲ ಕಂಪನಿ ಗಾಜ್‌ಪ್ರೋಮ್ ಅನಿಲ ನಿಲ್ಲಿಸಿತು. ಅದೇ ವರ್ಷ ಅಕ್ಟೋಬರ್ 1ರಂದು ಗ್ರೀಸಿನ ಕೊಮೊಟಿನಿಯಿಂದ ಬಲ್ಗೇರಿಯಾದ ಸ್ಟಾರಾ ಝಗೋರಾಕ್ಕೆ 182 ಕಿಲೋಮೀಟರಿನ ಹೊಸ ಪೈಪ್‌ಲೈನ್ ಕೆಲಸ ಶುರುಮಾಡಿತು. ವರ್ಷಕ್ಕೆ 300 ಕೋಟಿ ಘನ ಮೀಟರ್ ಸಾಮರ್ಥ್ಯ. ಬಲ್ಗೇರಿಯಾ ಇಡೀ ವರ್ಷ ಉರಿಸುವುದೂ ಹೆಚ್ಚುಕಡಿಮೆ ಅಷ್ಟೇ. ಆ ಚಳಿಗಾಲದಲ್ಲಿ 2009 ಮರುಕಳಿಸಲಿಲ್ಲ. ನನ್ನನ್ನು ಕಾಡುವ ಸಂಗತಿ ಇನ್ನೊಂದಿದೆ. ಆ ಪೈಪಿನ ಮೊದಲ ಒಪ್ಪಂದಕ್ಕೆ ಸಹಿ ಬಿದ್ದದ್ದು 2009ರ ಜುಲೈಯಲ್ಲೇ. 182 ಕಿಲೋಮೀಟರಿಗೆ ಹದಿಮೂರು ವರ್ಷ! ಏಕೆ ಇಷ್ಟು ತಡ, ಯಾರಿಗೆ ಅದು ಬೇಡವಾಗಿತ್ತು, ಯಾರು ದುಡ್ಡು ಹಾಕಬೇಕಿತ್ತು ಎಂದು ಹುಡುಕಿ ಬರೆಯಿರಿ. ಮೂರು ಪುಟ ಕೊಟ್ಟರೂ ನಾನು ಬೇಡವೆನ್ನುವುದಿಲ್ಲ. ಅದಕ್ಕೆ ಜಾಗ ಬೇಕೆಂದರೆ ರಷ್ಯಾದಿಂದ ಜರ್ಮನಿಗೆ ಸಮುದ್ರದಡಿ ಹಾದ ನಾರ್ಡ್ ಸ್ಟ್ರೀಮ್ ಪೈಪುಗಳ ಸ್ಫೋಟದ ಮೂರು ಪುಟ ತೆಗೆಯಿರಿ. 2022ರ ಸೆಪ್ಟೆಂಬರ್ 26ರಂದು ಡೆನ್ಮಾರ್ಕಿನ ದ್ವೀಪ ಬೋರ್ನ್‌ಹೋಮ್ ಬಳಿ ಏನಾಯಿತೆಂದು ಪತ್ರಿಕೆ ಓದುವ ಎಲ್ಲರಿಗೂ ಗೊತ್ತು. ಯಾರು ಮಾಡಿಸಿದರು ಎಂಬ ಊಹೆಗೆ ನಿಮ್ಮಲ್ಲಿ ಹೊಸ ಆಧಾರವೇನೂ ಇಲ್ಲ.

ಲಿಥುವೇನಿಯಾದ ಪ್ರಸ್ತಾಪವೇ ನಿಮ್ಮಲ್ಲಿಲ್ಲ. ಬೆಂಕಿ ಬಿದ್ದಾಗ ಬಾವಿ ತೋಡುವ ಬದಲು ಮೊದಲೇ ತೋಡಿಟ್ಟುಕೊಂಡವರು ಅವರು. 2014ರ ಅಕ್ಟೋಬರಿನಲ್ಲಿ ಕ್ಲೈಪೆಡಾ ಬಂದರಿಗೆ ತೇಲುವ ಎಲ್‌ಎನ್‌ಜಿ ಟರ್ಮಿನಲ್ ಒಂದನ್ನು ತಂದು ನಿಲ್ಲಿಸಿದರು. ಹಡಗಿನ ಹೆಸರು ‘ಇಂಡಿಪೆಂಡೆನ್ಸ್’. ಹಡಗು ಬಂದರು ಮುಟ್ಟುವ ಮೊದಲೇ ಗಾಜ್‌ಪ್ರೋಮ್ ಅವರಿಗೆ ದರ ಇಳಿಸಿತ್ತು. ಎರಡನೆಯ ಅಂಗಡಿ ತೆರೆಯುತ್ತದೆ ಎಂಬ ಸುದ್ದಿಯೇ ಮೊದಲನೆಯ ಅಂಗಡಿಯವನ ಬೆಲೆ ಇಳಿಸುತ್ತದೆ. ನಿಮ್ಮ ‘ಸ್ಪರ್ಧಾತ್ಮಕ ಮಾರುಕಟ್ಟೆಯ ಪ್ರಯೋಜನಗಳು’ ಎಂಬ ಇಡೀ ಉಪಶೀರ್ಷಿಕೆಯ ಕೆಲಸವನ್ನು ಈ ಒಂದು ಹಡಗು ಮಾಡುತ್ತದೆ.

ಇನ್ನು ತಪ್ಪುಗಳು. ಬೇಸರ ಮಾಡಿಕೊಳ್ಳಬೇಡಿ. ‘ಯುರೋಪಿನ ಶಕ್ತಿಯ ಶೇ 45ರಷ್ಟು ರಷ್ಯಾದಿಂದ ಬರುತ್ತಿತ್ತು’ ಎಂದು ಎರಡು ಕಡೆ ಬರೆದಿದ್ದೀರಿ. ಅದು 2021ರಲ್ಲಿ ಒಕ್ಕೂಟ ಆಮದು ಮಾಡಿಕೊಂಡ ನೈಸರ್ಗಿಕ ಅನಿಲದಲ್ಲಿ ರಷ್ಯಾದ ಪಾಲು. ಅನಿಲವೇ ಒಟ್ಟು ಶಕ್ತಿಯ ಕಾಲುಭಾಗದಷ್ಟು. ಶಕ್ತಿ, ವಿದ್ಯುತ್ತು, ಅನಿಲ ಈ ಮೂರನ್ನೂ ನೀವು ಒಂದರ ಬದಲು ಒಂದು ಬಳಸಿಬಿಡುತ್ತೀರಿ. ಕ್ಷೇತ್ರದ ಒಳಗಿರುವವರಿಗೆ ಸಂದರ್ಭದಿಂದ ಅರ್ಥವಾದೀತು. ದಾವಣಗೆರೆಯಲ್ಲೋ ಶಿರಸಿಯಲ್ಲೋ ಕೂತು ಓದುವವರಿಗೆ ಲೆಕ್ಕ ತಪ್ಪುತ್ತದೆ.

ಎರಡನೆಯದು ಇನ್ನೂ ಗಂಭೀರ. ‘2022ರಲ್ಲಿ ಗಾಳಿ ವಿದ್ಯುತ್ತು ಕೂಡ ದುಬಾರಿಯಾಯಿತು’ ಎಂದಿದ್ದೀರಿ. ಗಾಳಿಯಂತ್ರ ತಿರುಗಿಸುವ ಖರ್ಚು ಹೆಚ್ಚಲಿಲ್ಲ. ಆಗ ಮರುದಿನದ ಒಂದೊಂದು ಗಂಟೆಯ ವಿದ್ಯುತ್ತಿಗೂ ಹಿಂದಿನ ದಿನವೇ ಹರಾಜು ನಡೆಯುತ್ತಿತ್ತು. ಅಗ್ಗದ ಸ್ಥಾವರದಿಂದ ಶುರುವಾಗಿ ಬೇಡಿಕೆ ತುಂಬುವವರೆಗೆ ಒಂದೊಂದನ್ನೇ ಸೇರಿಸುತ್ತಾ ಹೋಗುತ್ತಾರೆ, ಕೊನೆಗೆ ಸೇರಿದ ಸ್ಥಾವರದ ದರವೇ ಎಲ್ಲರಿಗೂ ದರ. ಆ ಕೊನೆಯದು ಬಹಳ ಗಂಟೆಗಳಲ್ಲಿ ಅನಿಲದ ಸ್ಥಾವರವಾಗಿತ್ತು. ಹಿಂದೆ ಮೆಗಾವ್ಯಾಟ್-ಗಂಟೆಗೆ 20 ಯೂರೋ ಆಸುಪಾಸಿನಲ್ಲಿದ್ದ ಅನಿಲ 2022ರ ಆಗಸ್ಟಿನಲ್ಲಿ 300 ಯೂರೋ ದಾಟಿತು. ಆ ಒಂದು ಬೆಲೆ ಗಾಳಿ, ನೀರು, ಅಣುಶಕ್ತಿ ಎಲ್ಲದರ ಬಿಲ್ಲಿಗೂ ಹತ್ತಿತು. ನಿಮ್ಮ ಮನೆಯೊಡತಿಯ ಟೇಪಿಗೂ ಯುರೋಪಿನ ಮಾರುಕಟ್ಟೆಗೂ ಇರುವ ನಂಟನ್ನು ತೋರಿಸುವ ಜಾಗ ಇದೇ. ನಿಧಾನವಾಗಿ, ಒಂದು ಗಂಟೆಯ ಹರಾಜನ್ನೇ ತೆಗೆದುಕೊಂಡು ಬಿಡಿಸಿ ಬರೆಯಿರಿ.

ಇದನ್ನು ಬರೆಯಹೊರಟರೆ ಇನ್ನೊಂದು ಸತ್ಯವನ್ನೂ ಎದುರಿಸಬೇಕಾಗುತ್ತದೆ. ನೀವು ಸಾಮಾನ್ಯ ಮಾರುಕಟ್ಟೆಯನ್ನು ಕೊನೆಯವರೆಗೂ ಹೊಗಳಿದ್ದೀರಿ. ನಾನೂ ಅದರ ಪರವೇ. ಆದರೆ ಒಂದೇ ಮಾರುಕಟ್ಟೆ ಎಂದರೆ ಒಬ್ಬರ ಕಷ್ಟದ ಬೆಲೆ ಎಲ್ಲರ ಅಂಗಳಕ್ಕೂ ಬರುತ್ತದೆ. ಅದನ್ನು ತಡೆದುಕೊಳ್ಳುವ ಶಕ್ತಿ ಎಲ್ಲರಿಗೂ ಒಂದೇ ಅಲ್ಲ. ಜರ್ಮನಿ 2022ರ ಸೆಪ್ಟೆಂಬರ್ ಕೊನೆಯಲ್ಲಿ ತನ್ನ ಜನರಿಗೆ, ಕಾರ್ಖಾನೆಗಳಿಗೆ 20,000 ಕೋಟಿ ಯೂರೋಗಳ ನೆರವು ಘೋಷಿಸಿದಾಗ ಅಷ್ಟು ಜೇಬಿಲ್ಲದ ದೇಶಗಳು ಸಿಟ್ಟಾದವು. ಸ್ಪೇನ್, ಪೋರ್ಚುಗಲ್‌ಗಳಿಗೆ ಅದೇ ಜೂನ್‌ನಿಂದ ವಿದ್ಯುತ್ತಿಗೆ ಬಳಸುವ ಅನಿಲದ ಬೆಲೆಗೆ ಮಿತಿ ಹಾಕಲು ವಿನಾಯಿತಿ ಸಿಕ್ಕಿತ್ತು. ಫ್ರಾನ್ಸಿನ ಗಡಿಯ ಪಿರೆನೀಸ್ ಬೆಟ್ಟಸಾಲು ದಾಟುವ ತಂತಿಗಳು ಕಡಿಮೆ ಇದ್ದದ್ದೇ ಆ ವಾದಕ್ಕೆ ಆಧಾರ. ಒಂಟಿಯಾಗಿರುವುದು ಆ ಬೇಸಿಗೆಯಲ್ಲಿ ಅನುಕೂಲವಾಯಿತು. ಅದೇ ಎರಡು ದೇಶಗಳು 2025ರ ಏಪ್ರಿಲ್ 28ರಂದು ಪೂರ್ತಿ ಕತ್ತಲಾದಾಗ ಗ್ರಿಡ್ಡನ್ನು ಮತ್ತೆ ಎಬ್ಬಿಸಲು ನೆರವಾದದ್ದು ಫ್ರಾನ್ಸ್ ಮತ್ತು ಮೊರಾಕೋ ಕಡೆಯ ತಂತಿಗಳು. ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ, ಓದುಗರೇ ತೂಗಿ ನೋಡಲಿ.

‘ಯುರೋಪ್ ನಿರ್ಧರಿಸಿತು’ ಎಂಬ ಮಾತು ನಿಮ್ಮ ಬರಹದಲ್ಲಿ ಹನ್ನೊಂದು ಸಲ ಬಂದಿದೆ, ಎಣಿಸಿದೆ. ಯುರೋಪ್ ಎಂಬ ಒಬ್ಬ ವ್ಯಕ್ತಿ ಇಲ್ಲ. ಲಿಸ್ಬನ್ ಒಪ್ಪಂದದಿಂದ ಬಂದ, ಒಕ್ಕೂಟದ ಕಾರ್ಯನಿರ್ವಹಣೆಯ ಒಪ್ಪಂದದ 194ನೇ ವಿಧಿ ಇಂಧನ ನೀತಿಯಲ್ಲಿ ಒಕ್ಕೂಟಕ್ಕೆ ಅಧಿಕಾರ ಕೊಡುತ್ತದೆ. ಯಾವ ಇಂಧನ ಎಷ್ಟು ಬಳಸಬೇಕೆಂಬ ಆಯ್ಕೆಯನ್ನು ಆಯಾ ದೇಶಕ್ಕೇ ಬಿಡುತ್ತದೆ. ಫ್ರಾನ್ಸ್ ಅಣುಶಕ್ತಿಯನ್ನು ಹಿಡಿದುಕೊಂಡಿದ್ದೂ ಜರ್ಮನಿ 2023ರ ಏಪ್ರಿಲಿನಲ್ಲಿ ಕೊನೆಯ ಅಣುಸ್ಥಾವರಗಳನ್ನು ಮುಚ್ಚಿದ್ದೂ ಇದರಿಂದಲೇ ಸಾಧ್ಯವಾದದ್ದು. ಹಾಗಾಗಿ ಪ್ರತಿ ಸಲವೂ ಯಾರು ನಿರ್ಧರಿಸಿದರು ಎಂದು ಹೆಸರು ಹಿಡಿದು ಹೇಳಿ: ಆಯೋಗವೇ, ಸಚಿವರ ಮಂಡಳಿಯೇ, ಬರ್ಲಿನ್ನೇ?

ವಿದ್ಯುತ್ತಿನ ಗ್ರಿಡ್ ಬಗ್ಗೆ ನೀವು ಬರೆದದ್ದರಲ್ಲಿ ಜೀವವಿದೆ, ಅದು ನಿಮ್ಮ ವೃತ್ತಿಯ ನೆಲ. 2022ರ ಫೆಬ್ರವರಿ 24ರ ನಸುಕಿಗೆ ಉಕ್ರೇನ್ ಮೂರು ದಿನದ ಪರೀಕ್ಷೆಗೆಂದು ತನ್ನ ಗ್ರಿಡ್ಡನ್ನು ರಷ್ಯಾದಿಂದ ಬಿಡಿಸಿಕೊಂಡಿತ್ತು. ಕೆಲವೇ ಗಂಟೆಗಳಲ್ಲಿ ಯುದ್ಧ ಶುರುವಾಯಿತು, ಮರಳಿ ಜೋಡಿಸಲೇ ಇಲ್ಲ, ಮಾರ್ಚ್ 16ಕ್ಕೆ ಯುರೋಪಿನ ಗ್ರಿಡ್ಡಿಗೆ ಸೇರಿತು. ಇದನ್ನು ಅಡಿಟಿಪ್ಪಣಿಯಲ್ಲಿ ಹಾಕಿದ್ದೀರಲ್ಲ! ಮೇಲಕ್ಕೆ ತನ್ನಿ. ಲಿಥುವೇನಿಯಾ, ಲಾಟ್ವಿಯಾ, ಎಸ್ಟೋನಿಯಾ ಎಂಬ ಮೂರು ಬಾಲ್ಟಿಕ್ ದೇಶಗಳು 2025ರ ಫೆಬ್ರವರಿಯಲ್ಲಿ ರಷ್ಯಾದ ಗ್ರಿಡ್ ಬಿಟ್ಟು ಮರುದಿನ ಪೋಲೆಂಡ್ ಮೂಲಕ ಯುರೋಪಿನ ಗ್ರಿಡ್ಡಿಗೆ ಸೇರಿದ ಮಾತನ್ನೂ ಪಕ್ಕದಲ್ಲೇ ಇಡಿ. ಎಲ್ಲರ ಗ್ರಿಡ್ಡೂ ಒಂದೇ ಲಯದಲ್ಲಿ ಮಿಡಿಯುವುದೆಂದರೆ ಏನು ಎಂದು ಕನ್ನಡದ ಓದುಗರಿಗೆ ಹೇಳಲು ದೂರ ಹೋಗಬೇಕಿಲ್ಲ: 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಮಾರ್ಗ ಜೋಡಿಸಿದಾಗಲೇ ದಕ್ಷಿಣ ಭಾರತದ ಗ್ರಿಡ್ ದೇಶದ ಉಳಿದ ಗ್ರಿಡ್ಡಿನೊಂದಿಗೆ ಒಂದೇ ಲಯಕ್ಕೆ ಬಂದದ್ದು. ಒಂದು ವಾಕ್ಯ ಸಾಕು.

ಕೊನೆಯ ಪುಟದ ‘ಭಾರತ ಇದರಿಂದ ಪಾಠ ಕಲಿಯಬೇಕು’ ಎಂಬ ಭಾಗ ಬೇಡ. ಅದರ ಬದಲು ನಡೆದದ್ದನ್ನು ಹೇಳಿ. ಯುರೋಪು ತನ್ನ ಸಂಗ್ರಹಾಗಾರ ತುಂಬಿಸಲು ಎಷ್ಟಾದರೂ ಕೊಡಲು ನಿಂತಾಗ ಎಲ್‌ಎನ್‌ಜಿ ಹಡಗುಗಳು ಅತ್ತ ತಿರುಗಿದವು. 2022ರ ಜುಲೈಯಲ್ಲಿ ಪಾಕಿಸ್ತಾನ ಕರೆದ ಟೆಂಡರಿಗೆ ಒಬ್ಬರೂ ಬರಲಿಲ್ಲ. ಬಾಂಗ್ಲಾದೇಶ ಲೋಡ್ ಶೆಡ್ಡಿಂಗ್ ವೇಳಾಪಟ್ಟಿ ಹೊರಡಿಸಿತು. ಗಾಜ್‌ಪ್ರೋಮ್‌ನ ಜರ್ಮನ್ ಅಂಗಸಂಸ್ಥೆಯನ್ನು ಜರ್ಮನಿ ತನ್ನ ಸುಪರ್ದಿಗೆ ತೆಗೆದುಕೊಂಡ ಮೇಲೆ ನಮ್ಮ ಸರ್ಕಾರಿ ಅನಿಲ ಕಂಪನಿ ಗೇಲ್‌ಗೆ ಬರಬೇಕಿದ್ದ ಹಡಗುಗಳು ತಪ್ಪಿದವು. ನಿಮ್ಮ ಹೀಟರಿನ ತಿರುಗುಣಿ ಎರಡರಲ್ಲಿ ನಿಂತ ವರ್ಷವೇ ಢಾಕಾದಲ್ಲಿ ಫ್ಯಾನು ನಿಂತಿತ್ತು.

ಭಾಷೆಯ ಬಗ್ಗೆ ಎರಡೇ ಮಾತು. ‘ಒಕ್ಕೂಟದಿಂದ ಪೂರೈಕೆಯ ವೈವಿಧ್ಯೀಕರಣದ ನಿಟ್ಟಿನಲ್ಲಿ ಮಹತ್ವದ ಹೆಜ್ಜೆಗಳು ಇಡಲ್ಪಟ್ಟಿವೆ’ ಎಂದು ನಿಮ್ಮ ಅಮ್ಮನಿಗೆ ಫೋನಿನಲ್ಲಿ ಹೇಳುತ್ತೀರಾ? ‘ಬಲ್ಗೇರಿಯಾ ಈಗ ಗ್ರೀಸಿನ ಕಡೆಯಿಂದಲೂ ಅನಿಲ ತರಿಸಿಕೊಳ್ಳಬಹುದು’ ಎನ್ನುತ್ತೀರಿ. ಹಾಗೇ ಬರೆಯಿರಿ. ಪೈಪ್‌ಲೈನ್, ಗ್ರಿಡ್, ಟರ್ಮಿನಲ್ ಎಂಬ ಮಾತುಗಳಿಗೆ ಸಂಸ್ಕೃತದ ಜೋಡಣೆ ಹುಡುಕಬೇಡಿ, ಅವು ನಮ್ಮವೇ ಆಗಿವೆ.

ಎಂಟು ಪುಟದೊಳಗೆ, ಮುಂದಿನ ತಿಂಗಳ ಕೊನೆಗೆ ಕಳಿಸಿದರೆ ಬೇಸಿಗೆ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ. ಕಳಿಸುವ ಮೊದಲು ಒಂದು ಕೆಲಸ ಮಾಡಿ: ಮನೆಯೊಡತಿಯನ್ನು ಕೇಳಿ, ಅವರು ಒಪ್ಪಿದರೆ, 2021 ಮತ್ತು 2022ರ ಹೀಟಿಂಗ್ ಬಿಲ್ಲುಗಳೆರಡನ್ನೂ ನೋಡಿ ಆ ಮೊತ್ತಗಳನ್ನು ಮೊದಲ ಪ್ಯಾರಾದಲ್ಲೇ ಬರೆಯಿರಿ. ಆ ಟೇಪು ಈಗಲೂ ಅಲ್ಲೇ ಇದೆಯೇ ಎಂಬುದನ್ನೂ ನೋಡಿ ಬನ್ನಿ.

ವಿಶ್ವಾಸದಿಂದ,
ಸಂಪಾದಕ